ಸಸಿಹಿತ್ಲು ಅಲೆ ನೋಡಲು ದುಡ್ಡಿನ ಆ್ಯಪ್, ಬಿಟ್ಟಿ ವಿಂಡಿ, ಸರ್ಕಾರದ ಇನ್‌ಕಾಯ್ಸ್: ನನ್ನ ಒಂದು ವರ್ಷದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗಾಳಿ, ಅಲೆಯ ಮುನ್ಸೂಚನೆ ತೋರಿಸುವ ವಿಂಡಿ ಆ್ಯಪ್‌ಗೆ. ಸರ್ಫಿಂಗ್‌ಗೆಂದೇ ಮಾಡಿದ ಒಂದು ಆ್ಯಪ್‌ಗೆ ಹೋದ ವರ್ಷ ಆರು ಸಾವಿರದ ಹತ್ತಿರ ಚಂದಾ ಕಟ್ಟಿದ್ದೆ. ಕಳೆದ ತಿಂಗಳು ಅದು ಮುಗಿಯಿತು. ಮತ್ತೆ ಕಟ್ಟಲಿಲ್ಲ. ಹೆಸರು ಬೇಡ, ಬೇರೆ ದೇಶದ ಬೀಚುಗಳಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿರಬಹುದು. ನನಗೆ ಮಾತ್ರ ಮಂಗಳೂರು ಕಡೆ, ಮೂಲ್ಕಿ ಹತ್ತಿರದ ಸಸಿಹಿತ್ಲು ಬೀಚ್ ಸಾಕು, ಅಲ್ಲಿ ಅದು ಕೈಕೊಟ್ಟಿತು.

ನಾನಿರುವುದು ಬೆಂಗಳೂರಿನಲ್ಲಿ. ತಿಂಗಳಿಗೊಂದು ಸಲ, ಹೆಚ್ಚೆಂದರೆ ಎರಡು ಸಲ ಶುಕ್ರವಾರ ರಾತ್ರಿ ಬಸ್ ಹತ್ತಿ ಶನಿವಾರ ಬೆಳಗ್ಗೆ ಮೂಲ್ಕಿಯಲ್ಲಿ ಇಳಿಯುತ್ತೇನೆ. ಬೋರ್ಡ್ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಸೊಂಟದಿಂದ ಎದೆಮಟ್ಟದವರೆಗಿನ ಅಲೆ ಬಂದರೆ ನನಗೆ ಹಬ್ಬ. ಅದಕ್ಕಿಂತ ದೊಡ್ಡದಾದರೆ ದಡದಲ್ಲಿ ಕೂತು ಗೋಳಿಬಜೆ ತಿನ್ನುವುದೇ ವಾಸಿ. ಮೂಲ್ಕಿಯಲ್ಲೇ ಮನೆ ಇರುವವರಿಗೆ ಈ ಹೋಲಿಕೆಯೇ ಬೇಡ, ಬೆಳಗ್ಗೆ ಎದ್ದು ಬೈಕಿನಲ್ಲಿ ಹೋಗಿ ನೋಡಿದರಾಯಿತು. ನನ್ನ ಕಷ್ಟವೇ ಬೇರೆ. ರಜೆ ಹಾಕಬೇಕು, ಟಿಕೆಟ್ ತೆಗೆಯಬೇಕು. ಇನ್ನೆರಡು ಮೂರು ವಾರದಲ್ಲಿ ಕಡಲು ಹೇಗಿರುತ್ತದೆ ಅಂತ ಇವತ್ತೇ ಗೊತ್ತಾಗಬೇಕು.

ಆ ಆಸೆಗೇ ನಾನು ದುಡ್ಡು ಕೊಟ್ಟಿದ್ದು. ಆ್ಯಪ್ ಹದಿನಾರು ದಿನ ಮುಂದಿನದನ್ನು ತೋರಿಸುತ್ತಿತ್ತು. ಹಸಿರು ಪಟ್ಟಿ ಇದ್ದರೆ ಹೋಗು, ಕೆಂಪು ಇದ್ದರೆ ಮನೆಯಲ್ಲಿರು. ಹೋದ ಅಕ್ಟೋಬರ್‌ನಲ್ಲಿ ಹದಿನಾಲ್ಕನೇ ದಿನದ ಹಸಿರು ನಂಬಿ ಸೋಮವಾರವೂ ರಜೆ ಹಾಕಿದೆ. ದಿನ ಹತ್ತಿರ ಬಂದಂತೆ ಆ ಹಸಿರು ಪಟ್ಟಿ ಸುಮ್ನೆ ಮುಂದಿನ ವಾರಕ್ಕೆ ಜಾರುತ್ತಾ ಹೋಯಿತು. ಅಲ್ಲಿ ಇಳಿದಾಗ ಕಡಲು ಕಲಗಚ್ಚಿನ ಹಾಗಿತ್ತು. ಇರಲಿ, ಹದಿನಾಲ್ಕು ದಿನದ ಮಾತು ನಂಬಿದ್ದು ನನ್ನದೇ ತಪ್ಪು. ಅಷ್ಟು ದೂರದ ಗಾಳಿಯನ್ನು ಯಾರೂ ಸರಿಯಾಗಿ ಹೇಳಲಾರರು.

ತಲೆ ಕೆಟ್ಟಿದ್ದು ಏಪ್ರಿಲ್‌ನಲ್ಲಿ.

ಶುಕ್ರವಾರ ಮಧ್ಯಾಹ್ನ ಆ್ಯಪ್ ನೋಡಿದೆ. ಶನಿವಾರಕ್ಕೆ ಅಲೆ 1.1 ಮೀಟರ್, ಪೀರಿಯಡ್ 7 ಸೆಕೆಂಡ್, ಒಂದೇ ನಕ್ಷತ್ರ. ಪೀರಿಯಡ್ ಅಂದರೆ ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಸಮಯ. ಏಳು ಸೆಕೆಂಡ್ ಅಂದರೆ ಹತ್ತಿರದ ಗಾಳಿ ಎಬ್ಬಿಸಿದ ಗಲಿಬಿಲಿ, ಬೋರ್ಡ್ ಮೇಲೆ ನಿಲ್ಲುವಷ್ಟರಲ್ಲೇ ಕುಸಿಯುವ ಅಲೆ. ಟಿಕೆಟ್ ರದ್ದು ಮಾಡಿದೆ. ಹೊರಡುವ ದಿನವೇ ರದ್ದು ಮಾಡಿದ್ದಕ್ಕೆ ವಾಪಸ್ ಬಂದಿದ್ದು ಚಿಲ್ಲರೆ.

ಶನಿವಾರ ಬೆಳಗ್ಗೆ ಆರೂ ಮುಕ್ಕಾಲಿಗೆ ಮೂಲ್ಕಿಯ ಗೆಳೆಯ ವಿಡಿಯೋ ಕಳಿಸಿದ. ಎಣ್ಣೆ ಸವರಿದ ಹಾಗೆ ನುಣುಪಾದ ನೀರು. ಬಾಚಣಿಗೆಯಲ್ಲಿ ಗೀರಿದಂತೆ ಉದ್ದುದ್ದ ಸಾಲುಗಳು. ಒಂದು ಅಲೆ ಮುರಿದಾಗಿನಿಂದ ಮುಂದಿನದು ಮುರಿಯುವವರೆಗೆ ನಾನು ಹಾಸಿಗೆಯಲ್ಲೇ ಕೂತು ಎಣಿಸಿದೆ. ಹದಿನೈದು. ಮತ್ತೆ ಎಣಿಸಿದೆ. ಹದಿನಾಲ್ಕೂವರೆ. ಎಲ್ಲಿಯ ಏಳು, ಎಲ್ಲಿಯ ಹದಿನೈದು?

ಆಗ ವಿಂಡಿ ತೆರೆದು ಅದೇ ಜಾಗದ ಮೇಲೆ ಬೆರಳಿಟ್ಟೆ. ಅಲ್ಲಿ ಕಡಲನ್ನು ಬಿಡಿಬಿಡಿಯಾಗಿ ಬರೆದಿತ್ತು. ದಕ್ಷಿಣ-ನೈಋತ್ಯದಿಂದ ಒಂದು ಸ್ವೆಲ್, ಅಂದರೆ ದೂರದ ಬಿರುಗಾಳಿ ಎಬ್ಬಿಸಿ ಕಳಿಸಿದ ಅಲೆ, 0.7 ಮೀಟರ್, 15 ಸೆಕೆಂಡ್. ಬೇರೆ ಸಾಲಿನಲ್ಲಿ ಗಾಳಿಯ ಅಲೆ, 0.9 ಮೀಟರ್, 7 ಸೆಕೆಂಡ್, ಅದೂ ಮಧ್ಯಾಹ್ನದ ಮೇಲೆ. ಬೆಳಗ್ಗೆ ಆ ಗಾಳಿಯ ಅಲೆ ಇದ್ದೂ ಇಲ್ಲದ ಹಾಗೆ. ಎರಡು ಬೇರೆ ಬೇರೆ ಅಲೆಗಳು ಒಂದೇ ನೀರಿನಲ್ಲಿ ಬರುತ್ತಿದ್ದವು. ದುಡ್ಡಿನ ಆ್ಯಪ್ ಎರಡನ್ನೂ ಒಂದೇ ಪಾತ್ರೆಗೆ ಸುರಿದು, ದಿನಕ್ಕೊಂದು ನಕ್ಷತ್ರ ಕೊಟ್ಟು ಕೈತೊಳೆದುಕೊಂಡಿತ್ತು. 0.7 ಮತ್ತು 0.9 ಸೇರಿದರೆ 1.6 ಆಗುವುದಿಲ್ಲ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು, ಅದು 1.1ರ ಮೇಲೆ ಚೂರು. ಎತ್ತರ ಸರಿಯಾಗಿಯೇ ಇತ್ತು ನೋಡಿ! ಆದರೆ ಪೀರಿಯಡ್‌ನ ಜಾಗದಲ್ಲಿ ಇಬ್ಬರಲ್ಲಿ ಯಾರು ಎತ್ತರವೋ ಅವರದ್ದನ್ನು ಮಾತ್ರ ಬರೆದಿತ್ತು.

ಸಿಟ್ಟು ಬಂದಿದ್ದು ಇಲ್ಲಿಗೇ. ಬಲ ಇದ್ದಿದ್ದು ಗಿಡ್ಡನಲ್ಲಿ. ಅಲೆಯ ಬಲ ಅಂದಾಜಿಸಲು ಎತ್ತರವನ್ನು ಎತ್ತರದಿಂದಲೇ ಗುಣಿಸಿ, ಬಂದದ್ದನ್ನು ಸೆಕೆಂಡಿನಿಂದ ಗುಣಿಸಿ. 0.7 ಮೀಟರ್‌ನದ್ದಕ್ಕೆ ಏಳರ ಮೇಲೆ ಬರುತ್ತದೆ, 0.9ರದ್ದಕ್ಕೆ ಆರು ಕೂಡ ಇಲ್ಲ. ಮೇಲಾಗಿ ಹದಿನೈದು ಸೆಕೆಂಡಿನ ಅಲೆ ಆಳದವರೆಗೂ ಬೇರು ಬಿಟ್ಟಿರುತ್ತದೆ. ನೆಲ ತಾಗುತ್ತಿದ್ದಂತೆ ಎದ್ದು ನಿಲ್ಲುತ್ತದೆ. ಅವತ್ತು ದಡದಲ್ಲಿ ಎದೆಮಟ್ಟ ಇತ್ತಂತೆ. ನನ್ನದೇ ಅಳತೆ.

ಆಮೇಲೆ ಆ ಆ್ಯಪ್‌ನ ಗಂಟೆಗೊಂದರ ಪಟ್ಟಿಯನ್ನು ದಿನಾ ನೋಡತೊಡಗಿದೆ. ಪೀರಿಯಡ್ ಕಾಲಂ ಹೀಗೆ ಹೋಗುತ್ತಿತ್ತು: 15, 15, 7, 7, 15, 7. ಎರಡೂ ಅಲೆ ಸರಿಸಮ ಇದ್ದಾಗ ಒಮ್ಮೆ ಇವನು, ಒಮ್ಮೆ ಅವನು. ಕಡಲು ಅಷ್ಟೊಂದು ಚಂಚಲ ಅಲ್ಲ. ಗ್ರಾಹಕ ಸೇವೆಗೆ ಸ್ಕ್ರೀನ್‌ಶಾಟ್ ಸಮೇತ ಬರೆದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಧಾಟಿಯ ಉತ್ತರ ಬಂತು. ಅಮೂಲ್ಯ ಅಂದರೆ ಬೆಲೆ ಇಲ್ಲದ್ದು ಅಂತಲೂ ಅರ್ಥ ಮಾಡಬಹುದು, ಅಲ್ವಾ?

ನ್ಯಾಯಕ್ಕೆ ಹೇಳಬೇಕು, ಅದರ ಉಬ್ಬರ-ಇಳಿತದ ಚಿತ್ರ ಬಹಳ ಚೆಂದ. ಆದರೆ ಮಂಗಳೂರು ಕಡೆ ಅಮಾವಾಸ್ಯೆ, ಹುಣ್ಣಿಮೆಗೂ ನೀರು ಏರಿಳಿಯುವುದು ಒಂದೂಕಾಲು ಮೀಟರ್ ಆಸುಪಾಸು. ಅದಕ್ಕೆ ಆರು ಸಾವಿರ ಯಾಕೆ?

ವಿಂಡಿಯನ್ನು ಮೊದಲು ನಾನು ಮಳೆ ನೋಡುವ ಆ್ಯಪ್ ಅಂದುಕೊಂಡಿದ್ದೆ. ಇದು ಜೆಕ್ ದೇಶದ್ದು. ನಕ್ಷೆಯ ಮೇಲೆ ಗಾಳಿ ಹರಿಯುವುದು ಕಾಣುತ್ತದೆ. ಹವಾಮಾನ ಲೆಕ್ಕಹಾಕುವ ಕಂಪ್ಯೂಟರ್ ಮಾಡೆಲ್‌ಗಳಲ್ಲಿ ಯುರೋಪಿನದು, ಅಮೆರಿಕದ್ದು ಎರಡನ್ನೂ ಅಲ್ಲೇ ಬದಲಾಯಿಸಿ ನೋಡಬಹುದು. ನನ್ನ ರೂಢಿ ಇಷ್ಟೇ: ಇಬ್ಬರೂ ಒಂದೇ ಮಾತು ಹೇಳಿದರೆ ನಂಬುತ್ತೇನೆ, ಜಗಳವಾಡಿದರೆ ಇನ್ನೆರಡು ದಿನ ಕಾಯುತ್ತೇನೆ. ಬಿಟ್ಟಿಯಲ್ಲಿ ಮೂರು ಗಂಟೆಗೊಮ್ಮೆಯ ಲೆಕ್ಕ ಸಿಗುತ್ತದೆ. ಬೆಳಗ್ಗೆ ಆರಕ್ಕೆ ಇಳಿದು ಒಂಬತ್ತೂವರೆಗೆ ಮೇಲೆ ಬರುವ ನನಗೆ ಅಷ್ಟು ಸಾಕು.

ಕಿರಿಕಿರಿ ಇಲ್ಲವೆಂದಲ್ಲ. ಸ್ವೆಲ್ ಒಂದು, ಸ್ವೆಲ್ ಎರಡು ಅಂತ ಸಾಲು ಇರುತ್ತವೆ. ಯಾವುದು ದೊಡ್ಡದಾಯಿತೋ ಅದು ಮೇಲಿನ ಸಾಲಿಗೆ ಹತ್ತುತ್ತದೆ. ಹಾಗಾಗಿ ಸಾಲು ಹಿಡಿದು ಓದಬಾರದು, ಪೀರಿಯಡ್ ಹಿಡಿದು ಓದಬೇಕು. ಬಾಣದ ಗುರುತು ಅಲೆ ಹೋಗುವ ದಿಕ್ಕು, ಹೆಸರು ಮಾತ್ರ ಅದು ಬಂದ ದಿಕ್ಕು. ಶುರುವಿನಲ್ಲಿ ಗೊಂದಲವಾಗುತ್ತದೆ. ನಕ್ಷತ್ರ ಕೊಡುವವರು ಯಾರೂ ಇಲ್ಲ, ತಲೆ ನಾವೇ ಓಡಿಸಬೇಕು. ನನಗೆ ಅದೇ ಇಷ್ಟ.

ಇನ್‌ಕಾಯ್ಸ್ ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಕೇಂದ್ರ, 1999ರಲ್ಲಿ ಶುರುವಾದದ್ದು. ಕಡಲಿಗಿಳಿಯುವ ಮೀನುಗಾರರಿಗೆ ಅಲೆ, ಗಾಳಿ, ಪ್ರವಾಹದ ಮುನ್ಸೂಚನೆ ಕೊಡುತ್ತದೆ. ‘ಸಮುದ್ರ’ ಎಂಬ ಅವರ ಆ್ಯಪ್ ಇದೆ. ಸರ್ಫ್ ಮಾಡುವವರಿಗಾಗಿ ಮಾಡಿದ್ದಲ್ಲ, ಹಾಗಾಗಿ ಒಂದು ಬೀಚಿನ ಬೆಳಗ್ಗೆ ಆರು ಗಂಟೆಯ ಸ್ಥಿತಿ ಹುಡುಕಲು ಹೋದರೆ ಬೇಸರ ಬರುತ್ತದೆ. ಆದರೆ ಒಂದು ವಿಷಯದಲ್ಲಿ ಅವರನ್ನು ಬಿಟ್ಟರೆ ಇಲ್ಲ: ಸ್ವೆಲ್ ಸರ್ಜ್ ಎಚ್ಚರಿಕೆ. ಕೇರಳದವರು ಇದಕ್ಕೆ ‘ಕಳ್ಳಕ್ಕಡಲ್’ ಅನ್ನುತ್ತಾರೆ, ನಮ್ಮ ಕಿವಿಗೂ ಅರ್ಥವಾಗುವ ಮಾತು. ಇಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಬಿಸಿಲು ಹೊಡೆಯುತ್ತಿರುತ್ತದೆ. ಕಡಲು ಮಾತ್ರ ಕಳ್ಳನ ಹಾಗೆ ದಡ ಹತ್ತಿ ಬರುತ್ತದೆ. 2024ರ ಮಾರ್ಚ್ 31ರಂದು ಕೇರಳದ ದಡಕ್ಕೆ ನುಗ್ಗಿದ್ದು ಇಂಥದ್ದೇ. ಅದನ್ನು ಎಬ್ಬಿಸಿದ ಬಿರುಗಾಳಿ ಸುಮಾರು ಒಂದು ವಾರ ಮೊದಲು ದೂರದ ದಕ್ಷಿಣ ಸಾಗರದಲ್ಲಿ ಬೀಸಿತ್ತು.

ಈ ‘ಒಂದು ವಾರ’ ಹೊಳೆದ ಮೇಲೆ ನನ್ನ ಯೋಜನೆಯೇ ಬದಲಾಯಿತು. ಹದಿನೈದು ಸೆಕೆಂಡಿನ ಸ್ವೆಲ್ ದಿನಕ್ಕೆ ಹೆಚ್ಚು ಕಡಿಮೆ ಸಾವಿರ ಕಿಲೋಮೀಟರ್ ನಡೆಯುತ್ತದೆ. ಆರೇಳು ಸಾವಿರ ಕಿಲೋಮೀಟರ್ ಆಚೆ ಹುಟ್ಟಿದ್ದು ನಮ್ಮಲ್ಲಿಗೆ ಬರಲು ಒಂದು ವಾರ ಬೇಕು. ಅಂದರೆ ಮುಂದಿನ ಶನಿವಾರದ ಅಲೆ ಇವತ್ತೇ ಹುಟ್ಟಿಯಾಗಿದೆ, ದಾರಿಯಲ್ಲಿದೆ. ಅದು ಊಹೆಯಲ್ಲ. ವಿಂಡಿಯ ನಕ್ಷೆಯನ್ನು ಆಫ್ರಿಕದ ಕೆಳಗಿನವರೆಗೆ ಎಳೆದರೆ ಆ ಬಿರುಗಾಳಿ ಎಬ್ಬಿಸಿದ ದೊಡ್ಡ ಅಲೆಗಳ ಜಾಗ ಕೆಂಪು ಗಡ್ಡೆಯಂತೆ ಕಣ್ಣಿಗೇ ಕಾಣುತ್ತದೆ. ಎರಡು ವಾರದ ಆಚೆಯ ಅಲೆ ಇನ್ನೂ ಹುಟ್ಟಿಯೇ ಇಲ್ಲ. ಹುಟ್ಟದ ಮಗುವಿಗೆ ಕುಲಾವಿ ಹೊಲಿಯುವವರಿಗೆ ನಾನು ಆರು ಸಾವಿರ ಕೊಟ್ಟಿದ್ದೆ.

ಇನ್ನು ನಾಲ್ಕನೆಯ ಆಯ್ಕೆ, ಫೋನ್ ಕರೆ. ಸಸಿಹಿತ್ಲು ಒಂದು ಕಡೆ ಕಡಲು, ತುದಿಯಲ್ಲಿ ಶಾಂಭವಿ, ನಂದಿನಿ ಎರಡೂ ಸೇರಿ ಸಮುದ್ರಕ್ಕೆ ಬೀಳುವ ಅಳಿವೆ ಇರುವ ಜಾಗ. ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಇಲ್ಲೇ ಹಲವು ಸಲ ನಡೆದಿದೆ. ಕೆಳಗೆ ಬಂಡೆಯಿಲ್ಲ, ಬರೀ ಮರಳು. ಪ್ರತಿ ಮಳೆಗಾಲ ಮರಳ ದಿಬ್ಬವನ್ನು ಕಿತ್ತು ಬೇರೆಲ್ಲೋ ಇಡುತ್ತದೆ. ಹೋದ ವರ್ಷ ಅಲೆ ಚೆನ್ನಾಗಿ ಮುರಿಯುತ್ತಿದ್ದ ಕಡೆ ಈ ವರ್ಷ ಗುಂಡಿ. ಇದು ಯಾವ ಉಪಗ್ರಹಕ್ಕೂ ಗೊತ್ತಿಲ್ಲ. ಅಲ್ಲಿ ದೋಣಿ ಇಟ್ಟುಕೊಂಡಿರುವ ಒಬ್ಬ ಹಿರಿಯರಿಗೆ ಗುರುವಾರ ಸಂಜೆ ಫೋನ್ ಮಾಡುತ್ತೇನೆ. ಅವರಿಗೆ ಸರ್ಫ್ ಅಂದರೆ ತಮಾಷೆ. ಅವರು ‘ಇವತ್ತು ದೋಣಿ ಹಾಕಲು ಆಗಲಿಲ್ಲ’ ಅಂದರೆ ನಾನೂ ಹೋಗುವುದಿಲ್ಲ. ‘ಹಾಕಿದೆವು, ಆದರೆ ಒದ್ದೆಯಾದೆವು’ ಅಂದರೆ ತಕ್ಷಣ ಟಿಕೆಟ್. ಇಳಿತದ ಹೊತ್ತಿಗೆ ಅಳಿವೆ ಹತ್ತಿರ ಹೋಗಬೇಡ ಎಂದು ಪ್ರತಿ ಸಲ ಹೇಳುತ್ತಾರೆ. ನದಿಯ ನೀರು ಹೊರಗೆ ಎಳೆಯುವಾಗ ಬೋರ್ಡ್ ಸಮೇತ ಹೋಗಿಬಿಡುತ್ತೇವೆ. ನಾನು ಒಂದು ಸಲ ಅರ್ಧ ಹೋಗಿ ಬಂದಿದ್ದೇನೆ, ಹಾಗಾಗಿ ಪ್ರತಿ ಸಲ ‘ಆಯ್ತು’ ಅನ್ನುತ್ತೇನೆ.

ಈಗ ಅಕ್ಟೋಬರ್ ಮೊದಲ ವಾರ. ಮುಂದಿನ ಮೂರ್ನಾಲ್ಕು ವಾರದ ಬಗ್ಗೆ ನನ್ನ ಅಂದಾಜು ಹೀಗಿದೆ. ಮುಂಗಾರಿನ ಪಡುವಣ ಗಾಳಿ ಸೋಲುತ್ತಿದೆ, ಅದರ ಗಲಿಬಿಲಿ ಅಲೆ ದಿನೇದಿನೇ ಇಳಿಯುತ್ತದೆ. ದಕ್ಷಿಣದ ಸ್ವೆಲ್ ಪೂರ್ತಿ ನಿಲ್ಲುವುದಿಲ್ಲ. ಬೆಳಗ್ಗೆ ಮೂಡಣದಿಂದ, ಅಂದರೆ ನೆಲದ ಕಡೆಯಿಂದ, ತಂಗಾಳಿ ಶುರುವಾಗುತ್ತದೆ. ಅಲೆಯ ಮುಖ ನುಣ್ಣಗಾಗುವುದು ಆಗಲೇ. ಹನ್ನೊಂದರ ಹೊತ್ತಿಗೆ ಕಡಲಗಾಳಿ ಎದ್ದು ಎಲ್ಲ ಕದಡುತ್ತದೆ. ನವೆಂಬರ್ ಕಳೆದರೆ ಅಲೆ ಮಂಡಿಮಟ್ಟಕ್ಕೆ ಬೀಳುತ್ತದೆ, ಕಲಿಯುವವರಿಗೆ ಆಗ ಸುಗ್ಗಿ. ನನ್ನಂಥವರಿಗೆ ಇದೇ ಕಿಟಕಿ. ಒಂದೇ ಭಯ, ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವ ತಿಂಗಳೂ ಇದೇ. 2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್ ಬಂದ ಹಾಗೆ ಯಾವುದಾದರೂ ಬಂದರೆ ಈ ಪ್ಯಾರಾ ಹರಿದು ಹಾಕಿ, ಇನ್‌ಕಾಯ್ಸ್ ಹೇಳಿದ್ದನ್ನು ಕೇಳಿ.

ಗುರುವಾರದವರೆಗೆ ಕಾಯುವುದಕ್ಕೂ ಒಂದು ದಂಡ ಇದೆ. ದಸರಾ, ದೀಪಾವಳಿ ಹೊತ್ತಿಗೆ ಬಸ್ ದರ ಕೊನೆಯ ದಿನ ಕೈ ಸುಡುತ್ತದೆ. ಆದರೂ ಆ ಆರು ಸಾವಿರದಲ್ಲಿ ಇಂಥ ಹೆಚ್ಚಿನ ದರವನ್ನು ಎಷ್ಟೋ ಸಲ ಕೊಡಬಹುದು. ವಾರದ ಮಧ್ಯೆ ಬೇಕಾದಾಗ ರಜೆ ಸಿಗುವವರಿಗೆ, ಅಥವಾ ಬಾಲಿ, ಶ್ರೀಲಂಕಾ ಅಂತ ಸುತ್ತುವವರಿಗೆ ಆ ದುಡ್ಡಿನ ಆ್ಯಪ್ ಒಗ್ಗಬಹುದು.

ನಿನ್ನೆ ರಾತ್ರಿ ನಕ್ಷೆ ಎಳೆದು ನೋಡಿದೆ. ಮಡಗಾಸ್ಕರ್‌ನ ಕೆಳಗೆ, ದೂರದಲ್ಲಿ, ಒಂದು ಕೆಂಪು ಗಡ್ಡೆ ಇದೆ. ಎರಡೂ ಮಾಡೆಲ್ ಅದು ಈ ಕಡೆ ಬರುತ್ತದೆ ಅನ್ನುತ್ತಿವೆ, ಸೆಕೆಂಡಿನ ಲೆಕ್ಕದಲ್ಲಿ ಮಾತ್ರ ಒಂದು 13, ಇನ್ನೊಂದು 15. ಆಫೀಸಿನಲ್ಲಿ ಸೋಮವಾರದ ರಜೆಗೆ ಇನ್ನೂ ಬಾಯಿ ಬಿಟ್ಟಿಲ್ಲ.