ಹರ್ಬಲ್ ಪಾಟ್‌ಪುರಿ: ಹಾಲ್‌ಗೆ ಸಾಲದು, ಬೀರುವಿಗೆ ಬಲು ಚೆಂದ

ಪಾಟ್‌ಪುರಿ ಅಂದರೆ ಪರಿಮಳಕ್ಕೆಂದು ಇಡುವ ಒಣ ಹೂವು, ಎಲೆ, ಮಸಾಲೆಗಳ ಮಿಶ್ರಣ. ನಾನು ತಂದ ಪ್ಯಾಕೆಟ್ ಮೇಲೆ ‘ಇಡೀ ಮನೆಗೆ ನೈಸರ್ಗಿಕ ಪರಿಮಳ’ ಎಂದು ದೊಡ್ಡದಾಗಿ ಬರೆದಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ಇಡೀ ಮನೆಗೆಲ್ಲ ಆಗುವುದಿಲ್ಲ. ಒಂದು ಬಟ್ಟಲಿನಷ್ಟು ಒಣ ಹೂವು, ಎಲೆ ಇಟ್ಟು ಫ್ಯಾನ್ ತಿರುಗುವ ದೊಡ್ಡ ಹಾಲ್ ಘಮಘಮಿಸಬೇಕು ಅಂದರೆ ಅದು ಆಗದ ಮಾತು. ಆದರೆ ಅದೇ ಮಿಶ್ರಣವನ್ನು ಬಟ್ಟೆ ಬೀರುವಿನಲ್ಲಿ, ಚಪ್ಪಲಿ ಸ್ಟ್ಯಾಂಡ್‌ನಲ್ಲಿ, ಮೇಜಿನ ಡ್ರಾಯರ್‌ನಲ್ಲಿ ಇಟ್ಟು ನೋಡಿ. ಅಲ್ಲಿ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಹಾಲ್‌ಗೆ ಎರಡು. ಅದೂ ಬಣ್ಣ ಚೆನ್ನಾಗಿದೆ ಅಂತ.

ನಾನು ರಸಾಯನಶಾಸ್ತ್ರದ ಟೀಚರ್. ದಿನವಿಡೀ ಲ್ಯಾಬ್ ವಾಸನೆ ಕುಡಿದು ಮನೆಗೆ ಬಂದರೆ ಇಲ್ಲಿ ಯಾರೋ ರೂಮ್ ಸ್ಪ್ರೇ ಹೊಡೆದಿರುತ್ತಾರೆ. ಬಾಗಿಲಲ್ಲೇ ನನಗೆ ಸೀನು ಶುರು. ಹಾಗಾಗಿ ಮೂಗಿಗೆ ಹೊಡೆಯದ ಪರಿಮಳ ಬೇಕಿತ್ತು. ಕಂಪನಿ ಹೆಸರು ಹೇಳುತ್ತಿಲ್ಲ. ಹೊಗಳಿಕೆಯೂ ಇದೆ, ತಕರಾರೂ ಇದೆ. ಇಂಥ ಪ್ಯಾಕೆಟ್ ಮಾಡುವವರು ಬಹಳ ಜನ ಇದ್ದಾರೆ, ಯಾರದ್ದನ್ನೇ ಕೊಂಡರೂ ನೋಡಬೇಕಾದ ವಿಷಯಗಳು ಇವೇ.

ತಂದ ಕೂಡಲೇ ಪೇಪರ್ ಹಾಸಿ, ಪೂರ್ತಿ ಸುರಿದು, ಕೈಯಿಂದ ಬೇರ್ಪಡಿಸಿ ನೋಡಿದೆ. ಲ್ಯಾವೆಂಡರ್ ಮೊಗ್ಗು ಧಾರಾಳವಾಗಿತ್ತು. ಗುಲಾಬಿ ಪಕಳೆ, ರೋಸ್ಮರಿ ಎಲೆ, ಕಿತ್ತಳೆ ಸಿಪ್ಪೆಯ ಚೂರು, ಇಡೀ ಲವಂಗ, ಚಕ್ಕೆಯ ತುಂಡು, ಲಾವಂಚದ ಬೇರು. ಅಡಿಯಲ್ಲಿ ಬಿಳಿಚಿದ ಪುಡಿ ಇತ್ತು. ಧೂಳು ಅಂದುಕೊಂಡು ಅದನ್ನು ಯಾರೂ ಎಸೆಯಬೇಡಿ. ಅದು ಪರಿಮಳವನ್ನು ಹಿಡಿದಿಡುವ ಆರಿಸ್ ಬೇರಿನ ಪುಡಿ. ಈ ಪ್ಯಾಕೆಟ್‌ನ ನಿಜವಾದ ಬೆಲೆ ಇರುವುದು ಅದರಲ್ಲೇ.

ಬಣ್ಣ ಹಾಕಿದ ಮರದ ಸಿಪ್ಪೆ ಇರಲಿಲ್ಲ. ಇದು ದೊಡ್ಡ ಸಮಾಧಾನ. ಮೊದಲು ಬೇರೊಂದು ಕಡೆಯಿಂದ ತಂದ ಚೀಲದಲ್ಲಿ ಮುಕ್ಕಾಲು ಪಾಲು ಅದೇ ಇತ್ತು. ನೇರಳೆ, ಕೆಂಪು, ಹಸಿರು ಬಣ್ಣ ಅದ್ದಿದ ಸಿಪ್ಪೆಗೆ ಸೆಂಟು ಸುರಿದು ‘ಹರ್ಬಲ್’ ಅಂದಿದ್ದರು. ಬಿಳಿ ತಟ್ಟೆಗೆಲ್ಲ ಬಣ್ಣ ಹತ್ತಿತು. ಕಂಡುಹಿಡಿಯುವುದು ಸುಲಭ. ಒಂದು ಚೂರನ್ನು ಒದ್ದೆ ಟಿಶ್ಯೂ ಮೇಲೆ ಉಜ್ಜಿ. ಕಡುನೀಲಿಯೋ ಗುಲಾಬಿಯೋ ಗಾಢವಾಗಿ ಇಳಿದರೆ ಅನುಮಾನಪಡಿ. ಇನ್ನೊಂದು ಚೂರನ್ನು ಮುರಿದು ಒಳಭಾಗ ಮೂಸಿ. ಹೊರಗೆ ಮಾತ್ರ ಪರಿಮಳವಿದ್ದು ಒಳಗೆ ಬರೀ ಮರದ ವಾಸನೆ ಬಂದರೆ ಅದು ಸೆಂಟು ಬಳಿದ ಸಿಪ್ಪೆ.

ಇನ್ನು ಪರಿಮಳದ ವಿಷಯ. ಇಲ್ಲಿ ಸ್ವಲ್ಪ ಪಾಠ ಬರುತ್ತದೆ, ಅಭ್ಯಾಸಬಲ, ಸಹಿಸಿಕೊಳ್ಳಿ.

ಬಟ್ಟಲಿಗೆ ಹಾಕಿದ ಹೊಸತರಲ್ಲಿ ಕಿತ್ತಳೆಯದೇ ಜೋರು. ಆಮೇಲೆ ಅದು ಮಾಯವಾಗಿ ಲ್ಯಾವೆಂಡರ್ ಮುಂದೆ ಬರುತ್ತದೆ. ವಾರಗಳು ಕಳೆದ ಮೇಲೆ ಲವಂಗ, ಚಕ್ಕೆ, ಕೊನೆಗೆ ಮಣ್ಣಿನ ಹಾಗಿರುವ ಲಾವಂಚ ಉಳಿಯುತ್ತದೆ. ‘ಪರಿಮಳ ಬದಲಾಗಿಹೋಯಿತು, ಮಾಲು ಕೆಟ್ಟಿದೆ’ ಎಂದು ದೂರುವವರನ್ನು ನೋಡಿದ್ದೇನೆ. ಕೆಟ್ಟಿರುವುದಿಲ್ಲ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಶೇ. 90ಕ್ಕಿಂತ ಜಾಸ್ತಿ ಇರುವುದು ಲಿಮೊನೀನ್ ಎಂಬ ಪದಾರ್ಥ. ಅದು ಕುದಿಯುವುದು ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಲ್ಯಾವೆಂಡರ್‌ನ ಲಿನಲೂಲ್‌ಗೆ ಸುಮಾರು 198, ಲವಂಗದ ಯುಜೆನಾಲ್‌ಗೆ ಸುಮಾರು 254. ಮನೆಯಲ್ಲಿ ಯಾವುದೂ ಕುದಿಯುವುದಿಲ್ಲ, ನಿಜ. ಆದರೆ ಬೇಗ ಕುದಿಯುವುದು ಸಾಮಾನ್ಯವಾಗಿ ಬೇಗ ಆರಿಯೂ ಹೋಗುತ್ತದೆ. ಯಾವುದು ಮೊದಲು ಹಾರುತ್ತದೆ ಎಂದು ಇದರಿಂದಲೇ ಅಂದಾಜು ಸಿಗುತ್ತದೆ.

ಈ ಓಟಕ್ಕೆ ಕಡಿವಾಣ ಹಾಕಲು ಆರಿಸ್ ಬೇರು ಬೇಕು. ಐರಿಸ್ ಗಿಡದ ಈ ಗಡ್ಡೆಬೇರಿಗೆ ಹಸಿಯಾಗಿದ್ದಾಗ ಹೇಳಿಕೊಳ್ಳುವಂಥ ವಾಸನೆ ಇಲ್ಲ. ಸಿಪ್ಪೆ ತೆಗೆದು, ಒಣಗಿಸಿ, 2ರಿಂದ 5 ವರ್ಷ ಇಟ್ಟರೆ ಒಳಗೆ ನಿಧಾನವಾಗಿ ಐರೋನ್ ಎಂಬ ಪದಾರ್ಥಗಳು ಹುಟ್ಟುತ್ತವೆ, ನೇರಳೆ ಬಣ್ಣದ ವಯೊಲೆಟ್ ಹೂವಿನಂಥ ತೆಳು ಪರಿಮಳ ಬರುತ್ತದೆ. ಅದರ ಪುಡಿ ಉಳಿದ ಎಣ್ಣೆಗಳನ್ನೂ ಹಿಡಿದಿಟ್ಟುಕೊಂಡು ಸ್ವಲ್ಪಸ್ವಲ್ಪವೇ ಬಿಡುತ್ತದೆ. ಸಾಂಬ್ರಾಣಿ, ಲಾವಂಚದ ಬೇರು ಕೂಡ ಇದೇ ಕೆಲಸ ಮಾಡುತ್ತವೆ. ಇಂಥದ್ದು ಒಂದೂ ಇಲ್ಲದೆ ಬರೀ ಹೂವು, ಎಣ್ಣೆ ಇರುವ ಪ್ಯಾಕೆಟ್ ತೆರೆದ ದಿನ ಭರ್ಜರಿಯಾಗಿರುತ್ತದೆ, ಆಮೇಲೆ ಬರೀ ಒಣಹುಲ್ಲು. ಮನೆಯಲ್ಲೇ ಮಿಶ್ರಣ ಮಾಡುವವರು ಒಂದು ಕಪ್ ಒಣ ಹೂವು, ಎಲೆಗೆ ಸುಮಾರು ಒಂದು ದೊಡ್ಡ ಚಮಚ ಆರಿಸ್ ಪುಡಿ ಹಾಕುವುದು ರೂಢಿ. ಕೆಲವರಿಗೆ ಈ ಪುಡಿಯಿಂದ ಅಲರ್ಜಿ ಆಗುತ್ತದೆ. ಬೆರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಗುಲಾಬಿ ಪಕಳೆಗಳು? ಇದರಲ್ಲಿ ಅವು ಬರೀ ನೋಡಲಿಕ್ಕೆ. ಒಣಗಿದ ಮೇಲೆ ಪರಿಮಳ ಹೆಚ್ಚೇನೂ ಉಳಿದಿಲ್ಲ.

ಎಲ್ಲಿಟ್ಟರೆ ಏನಾಯಿತು ಎಂದು ಹೇಳುತ್ತೇನೆ. ಹಾಲ್‌ನ ಗಾಜಿನ ಬಟ್ಟಲಿನಲ್ಲಿ ಇಟ್ಟಾಗ ಪಕ್ಕದಲ್ಲಿ ಕೂತವರಿಗೆ ಮಾತ್ರ ಗೊತ್ತಾಯಿತು. ಕಿಟಕಿ ಬಿಸಿಲಿಗೆ ಗುಲಾಬಿ ಬಿಳಿಚಿಕೊಂಡಿತು. ಬಾತ್‌ರೂಮ್‌ನಲ್ಲಿ ಹಬೆ ಹೀರಿ ಮೆತ್ತಗಾಯಿತು, ಇನ್ನು ಬಿಟ್ಟರೆ ಬೂಸು ಹಿಡಿಯುತ್ತಿತ್ತು, ತೆಗೆದುಬಿಟ್ಟೆ. ಬೀರುವಿಗೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ. ತೆಳು ಹತ್ತಿಬಟ್ಟೆಯ ಚೀಲದಲ್ಲಿ ಎರಡು ಮುಷ್ಟಿ ತುಂಬಿ, ದಾರ ಕಟ್ಟಿ, ಹ್ಯಾಂಗರ್‌ಗೆ ನೇತು ಹಾಕಿದ್ದೇನೆ. ಬಾಗಿಲು ಮುಚ್ಚಿದ ಜಾಗವಾದ್ದರಿಂದ ಪರಿಮಳ ಅಲ್ಲೇ ಕೂತಿರುತ್ತದೆ. ಸೀರೆ ತೆಗೆದರೆ ಹಗುರವಾಗಿ ಬರುತ್ತದೆ, ಸೀನು ಬರುವಷ್ಟಿಲ್ಲ. ಚೀಲ ಬಟ್ಟೆಗೆ ನೇರವಾಗಿ ತಾಗದ ಹಾಗೆ ನೋಡಿಕೊಳ್ಳಿ, ಎಣ್ಣೆ ಕಲೆ ಬೀಳುತ್ತದೆ. ಪಾಲಿಶ್ ಮಾಡಿದ ಮರದ ಮೇಲೂ ನೇರವಾಗಿ ಸುರಿಯಬೇಡಿ. ಈ ಎಣ್ಣೆಗಳು ವಾರ್ನಿಷ್ ಕರಗಿಸುತ್ತವೆ, ಕೆಲವು ಪ್ಲಾಸ್ಟಿಕ್‌ಗಳನ್ನೂ ಹಾಳುಮಾಡುತ್ತವೆ. ಗಾಜು ಅಥವಾ ಪಿಂಗಾಣಿ ಒಳ್ಳೆಯದು.

ಮನೆಯವರಿಗೆ ಸ್ವಲ್ಪ ದಿನದಲ್ಲೇ ‘ವಾಸನೆನೇ ಇಲ್ಲ’ ಅನ್ನಿಸಿತು. ನನಗೂ. ನಾದಿನಿ ಬಂದವಳು ಬೀರು ತೆರೆದ ತಕ್ಷಣ, ‘ಅತ್ತಿಗೆ, ಏನಿಟ್ಟಿದ್ದೀರಿ ಇಲ್ಲಿ?’ ಅಂದಳು. ಒಂದೇ ವಾಸನೆಯಲ್ಲಿ ಸುಮಾರು ಹೊತ್ತಿದ್ದರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಆದ್ದರಿಂದ ‘ಪರಿಮಳ ಹೋಯಿತು’ ಎಂದು ಎಣ್ಣೆ ಸುರಿಯುವ ಮುಂಚೆ ಹೊರಗಿನವರನ್ನು ಕೇಳಿ. ಇಲ್ಲವಾದರೆ ಹೊರಗೆ ಸುತ್ತಾಡಿ ಬಂದು ನೀವೇ ಮೂಸಿ ನೋಡಿ.

ನಿಜವಾಗಿಯೂ ಕಡಿಮೆ ಆದಾಗ ಮೊದಲು ಕೈಯಿಂದ ಹಿಸುಕಿ. ಲ್ಯಾವೆಂಡರ್, ರೋಸ್ಮರಿಯ ಎಣ್ಣೆ ಸಣ್ಣ ಸಣ್ಣ ಗ್ರಂಥಿಗಳಲ್ಲಿರುತ್ತದೆ. ಹಿಸುಕಿದರೆ ಅವು ಒಡೆದು ಮತ್ತೆ ಪರಿಮಳ ಬರುತ್ತದೆ. ಚಕ್ಕೆಯನ್ನು ಮುರಿಯಿರಿ, ಲವಂಗ ಜಜ್ಜಿ. ಇದಕ್ಕೆ ಖರ್ಚಿಲ್ಲ. ಅದೂ ಸಾಲದೆ ಬಂದಾಗ ಜಾರ್‌ಗೆ ಹಾಕಿ, ನಾಲ್ಕೈದು ಹನಿ ಎಸೆನ್ಶಿಯಲ್ ಆಯಿಲ್ ಬಿಟ್ಟು, ಮುಚ್ಚಳ ಬಿಗಿದು ಒಂದೆರಡು ವಾರ ಕತ್ತಲಲ್ಲಿಡಿ, ಆಗಾಗ ಅಲ್ಲಾಡಿಸಿ. ಪ್ಯಾಕೆಟ್ ಜೊತೆ ಒಂದು ಪುಟ್ಟ ಶೀಶೆ ‘ರಿಫ್ರೆಶರ್’ ಕೊಟ್ಟಿದ್ದಾರೆ. ಅದರ ಲೇಬಲ್ ಮೇಲೆ ಇರುವುದು ‘ಫ್ರೇಗ್ರೆನ್ಸ್’ ಎಂಬ ಒಂದೇ ಪದ. ಹೊರಗೆ ನೈಸರ್ಗಿಕ ಅಂತ ಬರೆದು ಒಳಗಿನ ಶೀಶೆಯಲ್ಲಿ ಏನಿದೆ ಅಂತ ಹೇಳದಿದ್ದರೆ ಹೇಗೆ? ಅರ್ಧ ಅಂಕ ಕಡಿದದ್ದು ಇದಕ್ಕೇ. ಶೀಶೆ ತೆರೆಯದೆ ಹಾಗೇ ಇದೆ, ಬೇಕಾದವರಿದ್ದರೆ ಕೊಡುತ್ತೇನೆ.

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ಸಾಕುಪ್ರಾಣಿಗಳ ಬಗ್ಗೆ ಪ್ಯಾಕೆಟ್ ಮೇಲೆ ಒಂದು ಸಾಲೂ ಇಲ್ಲ. ಬೆಕ್ಕಿನ ಲಿವರ್‌ಗೆ ಫೀನಾಲ್ ಜಾತಿಯ ಪದಾರ್ಥಗಳನ್ನು ಹೊರಹಾಕುವ ಶಕ್ತಿ ಕಡಿಮೆ. ಲವಂಗದ ಯುಜೆನಾಲ್ ಅದೇ ಜಾತಿಯದು. ಬಟ್ಟಲಿನಲ್ಲಿ ಬೆಕ್ಕು ಹೊರಳಾಡಿ ಮೈ ನೆಕ್ಕಿಕೊಂಡರೂ ತೊಂದರೆಯೇ. ಬಿಸಿ ಮಾಡುವ ದ್ರವರೂಪದ ಪಾಟ್‌ಪುರಿ ಸಿಗುತ್ತದಲ್ಲ, ಅದು ಇನ್ನೂ ಅಪಾಯ, ಬಾಯಿ, ಗಂಟಲು ಸುಡಬಹುದು. ಬೆಕ್ಕಿರುವ ಮನೆಯಲ್ಲಿ ಅದನ್ನು ಇಡಲೇಬೇಡಿ. ಪುಟ್ಟ ಮಕ್ಕಳಿದ್ದರೆ ಲವಂಗ, ಚಕ್ಕೆ ಚೂರು ಬಾಯಿಗೆ ಹೋಗುವ ಭಯವೂ ಇದೆ. ಬಟ್ಟಲು ಮೇಲಿರಲಿ.

ನೈಸರ್ಗಿಕ ಅಂದ ಮಾತ್ರಕ್ಕೆ ಶುದ್ಧ ಗಾಳಿ ಅಂದುಕೊಳ್ಳುವವರಿಗೂ ಒಂದು ಮಾತು. ಲಿಮೊನೀನ್ ಗಿಡದ್ದೇ ಆಗಲಿ, ಕಾರ್ಖಾನೆಯದ್ದೇ ಆಗಲಿ, ಗಾಳಿಯಲ್ಲಿ ಓಝೋನ್ ಸಿಕ್ಕರೆ ಅದರ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಎಂಬ ಹಾನಿಕಾರಕ ಅನಿಲವನ್ನು ಒಂದಿಷ್ಟು ಹುಟ್ಟಿಸುತ್ತದೆ. ಓಝೋನ್ ಬಿಡುವ ಏರ್ ಪ್ಯೂರಿಫೈಯರ್ ಇರುವ ಕೋಣೆಯಲ್ಲಿ ಸಿಟ್ರಸ್ ಮಿಶ್ರಣ ಬೇಡ. ಒಂದು ಚೀಲ ಪಾಟ್‌ಪುರಿಗೆ ಗಾಬರಿ ಬೀಳಬೇಕಿಲ್ಲ, ಕಿಟಕಿ ತೆರೆಯುವ ಅಭ್ಯಾಸ ಬಿಡಬೇಡಿ ಅಷ್ಟೇ. ಕೊಳೆತ ವಾಸನೆ ಬರುತ್ತಿದ್ದರೆ ಮೊದಲು ಕೊಳೆತದ್ದನ್ನು ಹುಡುಕಿ ತೆಗೆಯಿರಿ. ಇದು ವಾಸನೆಯನ್ನು ಹೀರುವುದಿಲ್ಲ, ಅದರ ಮೇಲೆ ಇನ್ನೊಂದನ್ನು ಸೇರಿಸುತ್ತದೆ.

ಹುಳದ ವಿಷಯ ಮರೆಯುವ ಮುಂಚೆ. ಒಣ ಎಲೆ, ಹೂವು, ಮಸಾಲೆ ಇದ್ದಲ್ಲಿ ಕಂದು ಬಣ್ಣದ ಚಿಕ್ಕ ದುಂಬಿಗಳು ಬರುವುದು ಸಾಮಾನ್ಯ. ತಂದ ಪ್ಯಾಕೆಟ್ಟನ್ನು ಗಾಳಿ ಹೋಗದ ಕವರ್‌ನಲ್ಲಿ ಹಾಕಿ ಒಂದು ವಾರ ಫ್ರೀಜರ್‌ನಲ್ಲಿಟ್ಟರೆ ಮೊಟ್ಟೆ, ಮರಿ ಸಾಯುತ್ತವೆ. ತೆಗೆದ ಮೇಲೆ ಕವರ್ ಬಿಚ್ಚದೆ ಕೋಣೆಯ ಬಿಸಿಗೆ ಬರುವವರೆಗೆ ಬಿಡಿ, ಇಲ್ಲದಿದ್ದರೆ ನೀರು ಹನಿಯುತ್ತದೆ.

ಮತ್ತೆ ಕೊಳ್ಳುತ್ತೀರಾ ಅಂದರೆ, ಪೂರ್ತಿ ಇದೇ ಪ್ಯಾಕೆಟ್ಟನ್ನು ಇಲ್ಲ. ಬಿಡಿ ಲ್ಯಾವೆಂಡರ್, ಲಾವಂಚ, ಆರಿಸ್ ಪುಡಿ ತಂದು ಬೀರುವಿನ ಚೀಲಗಳಿಗೆ ನಾನೇ ಬೆರೆಸಿಕೊಳ್ಳುತ್ತೇನೆ. ಗುಲಾಬಿ ಬೇಡ, ಶೀಶೆ ಬೇಡ. ಬೆರೆಸುವ ತಾಳ್ಮೆ ಇಲ್ಲದವರಿಗೆ, ಬೆಕ್ಕು ಸಾಕದವರಿಗೆ ಈ ಪ್ಯಾಕೆಟ್ ಅಡ್ಡಿಯಿಲ್ಲ. ಅಡಿಯ ಪುಡಿ ಮೇಲೆ ಬರುವ ಹಾಗೆ ಚೆನ್ನಾಗಿ ಕಲಸಿಕೊಂಡು ಬಳಸಿ.