ಎರಿ ಮಣ್ಣಿಗೆ ಹಾರ್ಡ್‌ಟೇಲೋ, ಫುಲ್ ಸಸ್ಪೆನ್ಷನ್ನೋ? ಹುಬ್ಬಳ್ಳಿ-ಧಾರವಾಡ, ಗದಗ ದಾರಿಗಳಲ್ಲಿ ಎರಡನ್ನೂ ಬಳಸಿದ ವಿಮರ್ಶೆ

ಹಾರ್ಡ್‌ಟೇಲ್ ಅಂದರೆ ಮುಂದಿನ ಫೋರ್ಕಿನಲ್ಲಿ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್; ಫುಲ್ ಸಸ್ಪೆನ್ಷನ್ ಅಂದರೆ ಹಿಂದೆಯೂ ಶಾಕ್, ಅದರ ಜೊತೆ ಆಡುವ ಕೀಲುಗಳು (ಪಿವಟ್) ಇರುವುದು. ಎರಿ ಅಂದರೆ ನಮ್ಮ ಕಡೆಯ ಕಪ್ಪು ಜಿಗುಟು ಮಣ್ಣು. ತೀರ್ಪು ಮೊದಲೇ ಹೇಳಿಬಿಡೋಣ. ಹುಬ್ಬಳ್ಳಿ-ಧಾರವಾಡ ಅಥವಾ ಗದಗಿನಲ್ಲಿದ್ದು, ಕಚ್ಚಾ ದಾರಿಗೆಂದು ಒಂದೇ ಒಂದು ಮೌಂಟನ್ ಬೈಕ್ ಕೊಳ್ಳುವವರಿಗೆ ಹಾರ್ಡ್‌ಟೇಲ್ ಸಾಕು. 120ರಿಂದ 130 ಮಿ.ಮೀ. ಕುಗ್ಗುವ ಏರ್ ಫೋರ್ಕ್ (ಗಾಳಿ ತುಂಬಿದ್ದು), 29 ಇಂಚಿನ ಗಾಲಿ, 2.4 ಇಂಚಿನ ಟ್ಯೂಬ್‌ಲೆಸ್ ಟೈರ್ ಇರಬೇಕು, ಅಷ್ಟೇ. ಫುಲ್ ಸಸ್ಪೆನ್ಷನ್ ಕೆಟ್ಟದ್ದೇನಲ್ಲ. ವರ್ಷದ ಕೆಲವು ತಿಂಗಳು, ಕೆಲವು ದಾರಿಗಳಲ್ಲಿ ಅದರ ಮುಂದೆ ಹಾರ್ಡ್‌ಟೇಲ್ ನಿಲ್ಲುವುದೇ ಇಲ್ಲ. ಆದರೆ ನಮ್ಮ ಕಡೆಯ ಮಣ್ಣಿಗೂ ಅದರ ಕೀಲುಗಳಿಗೂ ಆಗಿಬರುವುದಿಲ್ಲ. ಕೀಲು ಕೆಟ್ಟಾಗ ಬಿಚ್ಚಿ ಕೂರಿಸುವ ಕೈಯೂ ಊರಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಹೋಲಿಕೆಗೆ ಇಟ್ಟುಕೊಂಡ ಎರಡೂ ಅಲ್ಯೂಮಿನಿಯಂ ಫ್ರೇಮಿನ ಸೈಕಲ್‌ಗಳು. ಎರಡಕ್ಕೂ ಶಿಮಾನೊ ಡಿಯೋರ್ 12 ಸ್ಪೀಡ್ ಗೇರ್, ಹಿಂದೆ 10ರಿಂದ 51 ಹಲ್ಲಿನ ಕ್ಯಾಸೆಟ್ (ಗೇರ್ ಚಕ್ರಗಳ ಗೊಂಚಲು), ಮುಂದೆ 32 ಹಲ್ಲಿನ ಒಂಟಿ ಚೈನ್‌ರಿಂಗ್. ಟೈರ್ ಅಳತೆಯೂ ಒಂದೇ. ಹಾರ್ಡ್‌ಟೇಲ್‌ಗೆ 120 ಮಿ.ಮೀ. ಫೋರ್ಕ್, ಪೆಡಲ್ ಸೇರಿ ತೂಕ ಸುಮಾರು 13.5 ಕಿಲೊ. ಫುಲ್ ಸಸ್ಪೆನ್ಷನ್‌ಗೆ ಮುಂದೆ 130, ಹಿಂದೆ 125 ಮಿ.ಮೀ. ಟ್ರಾವೆಲ್ (ಕುಗ್ಗುವ ದೂರ), ತೂಕ 15.5 ಕಿಲೊ ದಾಟುತ್ತದೆ. ಬೆಲೆ ಹೆಚ್ಚುಕಡಿಮೆ ದುಪ್ಪಟ್ಟು. ಬ್ರ್ಯಾಂಡ್ ಹೆಸರು ಇಲ್ಲಿ ಮುಖ್ಯವಲ್ಲ. ಇದೇ ಅಳತೆಯ ಬೇರೆ ಜೋಡಿ ತಂದರೂ ಈ ಮಣ್ಣಿನಲ್ಲಿ ಅವುಗಳ ನಡತೆ ಬಹಳ ಬದಲಾಗದು.

ಮಳೆಗಾಲದಲ್ಲಿ ಎಲ್ಲವನ್ನೂ ನಿರ್ಧರಿಸುವುದು ಎರಿ. ಹುಬ್ಬಳ್ಳಿಯಿಂದ ಮೂಡಣಕ್ಕೆ ಅಣ್ಣಿಗೇರಿ, ನವಲಗುಂದ, ಗದಗಿನ ಕಡೆ ಬೆಳವಲದ ಹೊಲದಾರಿಗಳು ಬಹುತೇಕ ಎರಿ ಮಣ್ಣಿನವು. ಒಂದು ಹದ ಮಳೆ ಬಿದ್ದರೆ ಸಾಕು, ಹೋಳಿಗೆ ಕಣಕದಂತೆ ಟೈರಿಗೆ ಸುತ್ತಿಕೊಂಡು ಸ್ವಲ್ಪ ದೂರದಲ್ಲೇ ಗಾಲಿ ನಿಲ್ಲಿಸುತ್ತದೆ. ಹಾರ್ಡ್‌ಟೇಲ್‌ನಲ್ಲಿ ಮಣ್ಣು ಕೂರುವ ಜಾಗ ಮುಖ್ಯವಾಗಿ ಮೂರೇ: ಚೈನ್‌ಸ್ಟೇಗಳ (ಹಿಂಗಾಲಿಯ ಎರಡು ಬದಿಯ ಕೆಳ ಕೊಳವೆಗಳು) ನಡುವೆ, ಸೀಟ್‌ಸ್ಟೇ (ಮೇಲಿನ ಕೊಳವೆಗಳು) ಸೇತುವೆಯ ಕೆಳಗೆ, ಫೋರ್ಕಿನ ಕಮಾನಿನಡಿ. ಒಂದು ಕಟ್ಟಿಗೆಯ ಚೂರಿನಿಂದ ನಿಂತಲ್ಲೇ ಕೆರೆದು ಹಾಕಬಹುದು. ಫುಲ್ ಸಸ್ಪೆನ್ಷನ್‌ನಲ್ಲಿ ಇವುಗಳ ಜೊತೆಗೆ ಬಾಟಮ್ ಬ್ರಾಕೆಟ್ (ಪೆಡಲ್ ಅಚ್ಚು ಕೂರುವ ಜಾಗ) ಹಿಂದಿನ ಸಮತಟ್ಟು ಜಾಗ, ಮೇನ್ ಪಿವಟ್ಟಿನ ಸಂದು, ರಾಕರ್ ಲಿಂಕಿನ (ಶಾಕನ್ನು ಒತ್ತುವ ತೋಳು) ಒಳಭಾಗ, ಶಾಕಿನ ಬುಡ ಇವೆಲ್ಲ ಸೇರುತ್ತವೆ. ಅಲ್ಲಿಗೆ ಕಟ್ಟಿಗೆಯೂ ಹೋಗುವುದಿಲ್ಲ, ಬೆರಳೂ ಹೋಗುವುದಿಲ್ಲ. ಸಸ್ಪೆನ್ಷನ್ ಕುಗ್ಗಿದಾಗಲೆಲ್ಲ ಆ ಹಿಡಿ ಮಣ್ಣು ಲಿಂಕುಗಳ ನಡುವೆ ಸಿಕ್ಕು ಬಣ್ಣ ಉಜ್ಜುತ್ತದೆ, ಬೇರಿಂಗ್ ಸೀಲಿನ ಅಂಚು ಎಬ್ಬಿಸುತ್ತದೆ.

ಗಾಲಿ ಬಿಗಿಯಾಯಿತೆಂದು ಇನ್ನಷ್ಟು ಜೋರಾಗಿ ತುಳಿಯುವುದು ಎರಡೂ ಸೈಕಲ್‌ಗಳಿಗೆ ಅಪಾಯ. ಮಣ್ಣು ಮೆತ್ತಿದ ಚೈನು ಡಿರೇಲರಿನ (ಗೇರ್ ಬದಲಿಸುವ ತೋಳು) ಪುಟ್ಟ ಜಾಕಿ ಗಾಲಿಯಲ್ಲಿ ಸಿಕ್ಕಿ, ಡಿರೇಲರನ್ನೇ ಮೇಲಕ್ಕೆಳೆದು ಕಡ್ಡಿಗಳಿಗೆ ತೂರಿಸುತ್ತದೆ. ಮೊದಲು ಮುರಿಯುವುದು ಹ್ಯಾಂಗರ್, ಅಂದರೆ ಡಿರೇಲರನ್ನು ಫ್ರೇಮಿಗೆ ಹಿಡಿಯುವ ಲೋಹದ ತುಂಡು. ಈ ತುಂಡು ಫ್ರೇಮಿಗೊಂದು ಆಕಾರದ್ದು. ನಿಮ್ಮ ಫ್ರೇಮಿನದ್ದು ಯಾವುದೋ ನೋಡಿ, ಸೈಕಲ್ ಕೊಂಡ ದಿನವೇ ಒಂದು ಹೆಚ್ಚಿಗೆ ತರಿಸಿ ಸೀಟಿನಡಿಯ ಚೀಲದಲ್ಲಿಡಿ. ಮುರಿದ ಮೇಲೆ ಹುಡುಕಲು ಹೊರಟರೆ ವಾರಗಟ್ಟಲೆ ಸೈಕಲ್ ಗೋಡೆಗೆ ಒರಗಿರುತ್ತದೆ.

ಆದ್ದರಿಂದ ಮಳೆಯಾದ ಮೇಲೆ ದಿಕ್ಕು ಬದಲಿಸಬೇಕು. ಎರಿ ಒಣಗಲು ಎರಡು ದಿನದ ಗಟ್ಟಿ ಬಿಸಿಲು ಬೇಕು. ಮಸಾರಿ (ಕೆಂಪು ಮಣ್ಣು) ಮತ್ತು ಗರಸಿನ (ಕಲ್ಲುಚೂರು ಬೆರೆತ) ನೆಲ ಅದೇ ಸಂಜೆಗೆ ನೀರು ಬಿಟ್ಟುಕೊಡುತ್ತದೆ. ಧಾರವಾಡದ ಪಡುವಣಕ್ಕೆ ಮುಗದ, ಅಳ್ನಾವರ, ದಕ್ಷಿಣಕ್ಕೆ ಕಲಘಟಗಿಯ ಕಾಡಂಚಿನ ದಾರಿಗಳು ಈ ಜಾತಿಯವು. ಅಲ್ಲಿ ಜಂಬಿಟ್ಟಿಗೆ ಕಲ್ಲು, ಬೇರು, ತೇಗದ ಒದ್ದೆ ಎಲೆ ಸಿಗುತ್ತವೆ. ಫುಲ್ ಸಸ್ಪೆನ್ಷನ್ ತನ್ನ ಬೆಲೆ ತೋರಿಸುವುದು ಇಲ್ಲೇ: ಕಲ್ಲಿನ ಇಳಿಜಾರಿನಲ್ಲಿ ಹಿಂಗಾಲಿ ನೆಲ ಬಿಡುವುದಿಲ್ಲ, ಬ್ರೇಕ್ ಹಿಡಿದರೂ ಜಾರದೆ ಕಚ್ಚುತ್ತದೆ. ಬೇರುಗಳ ಮೇಲೆ ಏರುವಾಗ ಹಾರ್ಡ್‌ಟೇಲ್ ಪುಟಿದು ಹಿಡಿತ ಕಳೆದುಕೊಳ್ಳುವಲ್ಲಿ ಇದು ಕೂತಲ್ಲಿಂದಲೇ ಏರುತ್ತದೆ. ಆದರೆ ನಮ್ಮಲ್ಲಿ ಇಂಥ ಇಳಿಜಾರುಗಳು ಗಿಡ್ಡ. ಅದಕ್ಕಿಂತ ಊರಿಂದ ಅಲ್ಲಿಗೆ ಹೋಗಿ ಬರುವ ಡಾಂಬರು ದಾರಿಯೇ ಉದ್ದ. ಆ ಡಾಂಬರಿನಲ್ಲಿ ಎರಡು ಕಿಲೊ ಹೆಚ್ಚು ತೂಕ, ಪ್ರತಿ ತುಳಿತಕ್ಕೂ ತೂಗುವ ಹಿಂಭಾಗ ಬೇಸರ ತರಿಸುತ್ತವೆ. ಶಾಕಿನ ಲಾಕ್‌ಔಟ್ ಹಾಕಿದರೆ ತೂಗಾಟ ನಿಲ್ಲುತ್ತದೆ. ತೂಕ ಇದ್ದಷ್ಟೇ ಇರುತ್ತದೆ.

ಬೇಸಿಗೆಯ ಬೆಳವಲದ ಮಾತು ಬೇರೆ. ಮಳೆಯಲ್ಲಿ ಚಕ್ಕಡಿ, ಟ್ರ್ಯಾಕ್ಟರ್ ಕೊರೆದ ಜಾಡು ಫೆಬ್ರವರಿ ಹೊತ್ತಿಗೆ ಸಿಮೆಂಟಿನಷ್ಟು ಗಟ್ಟಿ. ಮೈಲುಗಟ್ಟಲೆ ಸಣ್ಣ ಸಣ್ಣ ಉಬ್ಬು. ನೆಲ ಸಮತಟ್ಟಾದ್ದರಿಂದ ಕೂತೇ ತುಳಿಯಬೇಕು, ಪ್ರತಿ ಉಬ್ಬೂ ನೇರ ಸೊಂಟಕ್ಕೆ ಬಡಿಯುತ್ತದೆ. ಇಲ್ಲಿ 125 ಮಿ.ಮೀ. ಬೇಕಾಗಿಲ್ಲ, ಹಿಂದೆ 100 ಇದ್ದರೂ ದಣಿವು ಅರ್ಧಕ್ಕಿಳಿಯುತ್ತದೆ. ಹಾರ್ಡ್‌ಟೇಲ್‌ನವರು ಹಿಂದಿನ ಟೈರನ್ನು 2.6ಕ್ಕೆ ಏರಿಸಿ, ಗಾಳಿ ಇಳಿಸಿದರೆ ಅಂತರದ ಒಂದು ಪಾಲು ತುಂಬುತ್ತದೆ. ಟೈರಿಗೂ ಚೈನ್‌ಸ್ಟೇಗೂ ನಡುವೆ ಎರಡೂ ಬದಿ ಕನಿಷ್ಠ 6 ಮಿ.ಮೀ. ಉಳಿಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಎರಿ ನೆಲದ ಬಿರುಕುಗಳಿಗೆ ಮಾತ್ರ ಯಾವ ಸಸ್ಪೆನ್ಷನ್ನೂ ಉತ್ತರವಲ್ಲ. ದಾರಿಯ ಉದ್ದಕ್ಕೇ ಬಿಟ್ಟ ಬಿರುಕಿನಲ್ಲಿ ಮುಂಗಾಲಿ ಇಳಿಯಿತೆಂದರೆ ಹ್ಯಾಂಡಲ್ ತಿರುಗುವುದಿಲ್ಲ. ಅಡ್ಡವಾಗಿ ದಾಟಬೇಕು, ಇಲ್ಲವೇ ಇಳಿಯಬೇಕು. (ಮುಳ್ಳಿನ ಕುಸುಬೆ ಹೊಲದ ಬದುವಿನಲ್ಲಿ ಇಳಿಯುವವರು ಚಡ್ಡಿ ಬದಲು ಪ್ಯಾಂಟು ಹಾಕಿರುವುದು ಒಳ್ಳೆಯದು.)

ಕಪ್ಪತಗುಡ್ಡದ ಬಗ್ಗೆ ಎಲ್ಲರೂ ಕೇಳುತ್ತಾರೆ. 2019ರಲ್ಲಿ ಅದು ವನ್ಯಜೀವಿ ಅಭಯಾರಣ್ಯವಾಗಿದೆ. ಒಳಗಿನ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಸೈಕಲ್ ಇಳಿಸಬಾರದು. ಡೋಣಿ ಕಡೆಯ ಬುಡದ ಊರುಗಳ ನಡುವಿನ ಸಾರ್ವಜನಿಕ ಕಚ್ಚಾ ರಸ್ತೆಗಳಲ್ಲೇ ಬೇಕಾದಷ್ಟು ಕೆಲಸವಿದೆ. ಅಲ್ಲಿನ ಕಬ್ಬಿಣದಂಶದ ಕಲ್ಲು ಒಡೆದಾಗ ಅಂಚು ಚೂಪು. ಟೈರಿನ ಪಕ್ಕೆ ಸೀಳುತ್ತದೆ. ತೆಳು ಪಕ್ಕೆಯ ಹಗುರ ಟೈರ್ ಹಾಕಿದ ದುಬಾರಿ ಫುಲ್ ಸಸ್ಪೆನ್ಷನ್‌ಗಿಂತ ಗಟ್ಟಿ ಪಕ್ಕೆಯ ಟೈರ್ ಹಾಕಿದ ಹಾರ್ಡ್‌ಟೇಲ್ ಅಲ್ಲಿ ಮನೆ ಮುಟ್ಟಿಸುವ ಸಾಧ್ಯತೆ ಹೆಚ್ಚು.

ಸಸ್ಪೆನ್ಷನ್ ಹೊಂದಿಸುವುದು

ಫುಲ್ ಸಸ್ಪೆನ್ಷನ್ ಕೊಂಡು 'ಏರು ಹತ್ತುವುದಿಲ್ಲ' ಎನ್ನುವವರಲ್ಲಿ ಅನೇಕರ ಶಾಕಿನಲ್ಲಿ ಗಾಳಿ ತಪ್ಪಾಗಿರುತ್ತದೆ. ಬೇಕಾದ್ದು 300 ಪಿಎಸ್‌ಐ ತನಕ ತೋರಿಸುವ ಶಾಕ್ ಪಂಪು. ಟೈರ್ ಪಂಪು ನಡೆಯದು. ಹೆಲ್ಮೆಟ್, ನೀರಿನ ಚೀಲ ಸಮೇತ ಸಿದ್ಧರಾಗಿ, ಲಾಕ್‌ಔಟ್ ಪೂರ್ತಿ ಬಿಟ್ಟು ಶುರು ಮಾಡಿ. ಏರ್ ಶಾಕಿಗೆ ನಿಮ್ಮ ತೂಕ ಎಷ್ಟು ಪೌಂಡೋ ಅಷ್ಟು ಪಿಎಸ್‌ಐ ತುಂಬುವುದು ಒಂದು ಒರಟು ಆರಂಭ: 70 ಕಿಲೊದವರಿಗೆ ಸುಮಾರು 155. ಆಮೇಲೆ ಸೀಟನ್ನು ಹತ್ತು ಸಲ ನಿಧಾನ ಒತ್ತಿ ಬಿಟ್ಟರೆ ಒಳಗಿನ ಎರಡು ಕೋಣೆಗಳ ಗಾಳಿ ಸಮವಾಗುತ್ತದೆ. ಈ ಹೆಜ್ಜೆ ಬಿಟ್ಟರೆ ಅಳತೆ ಸುಳ್ಳು ಹೇಳುತ್ತದೆ. ಗೋಡೆ ಹಿಡಿದು ಪೆಡಲ್ ಮೇಲೆ ಕಾಲಿಟ್ಟು ಮೆಲ್ಲಗೆ ಕೂತು, ಶಾಕಿನ ಕೊಳವೆಯ ಮೇಲಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗಿಸಿ, ಪುಟಿಯದೆ ಇಳಿಯಿರಿ. ಉಂಗುರ ಸರಿದ ದೂರವೇ ಸ್ಯಾಗ್, ಅಂದರೆ ಸವಾರನ ತೂಕಕ್ಕೆ ಕುಗ್ಗುವಷ್ಟು. ಸ್ಟ್ರೋಕ್ (ಶಾಕ್ ಒಟ್ಟು ಕುಗ್ಗಬಲ್ಲ ದೂರ) 45 ಮಿ.ಮೀ. ಇದ್ದರೆ 30 ಶೇಕಡಾ ಸ್ಯಾಗ್ ಅಂದರೆ 13.5 ಮಿ.ಮೀ. ನಮ್ಮ ತುಳಿತ ಹೆಚ್ಚಿರುವ ದಾರಿಗಳಿಗೆ 25 ಶೇಕಡಾ, ಅಂದರೆ 11 ಮಿ.ಮೀ. ಹತ್ತಿರ ಇಟ್ಟರೆ ಏರುವುದೂ ಹಗುರ, ಪೆಡಲ್ ಕಲ್ಲಿಗೆ ಬಡಿಯುವುದೂ ಕಡಿಮೆ.

ಹಾರ್ಡ್‌ಟೇಲ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸವಾರ ಕೂತಾಗ ಮುಂಭಾಗ ಮಾತ್ರ ಕುಗ್ಗುತ್ತದೆ, ಹೆಡ್ ಆಂಗಲ್ (ಫೋರ್ಕ್ ನೆಲಕ್ಕೆ ಬಾಗಿದ ಕೋನ) ಕಡಿದಾಗುತ್ತದೆ. ಫುಲ್ ಸಸ್ಪೆನ್ಷನ್‌ನಲ್ಲಿ ಎರಡೂ ತುದಿ ಇಳಿಯುವುದರಿಂದ ಕೋನ ಹೆಚ್ಚು ಕದಲುವುದಿಲ್ಲ. ಹಾಗಾಗಿ ಹಾರ್ಡ್‌ಟೇಲ್ ಫೋರ್ಕಿಗೆ 15ರಿಂದ 18 ಶೇಕಡಾ ಸ್ಯಾಗ್ ಸಾಕು, 120 ಮಿ.ಮೀ.ಗೆ ಅದು 18ರಿಂದ 22. ರಿಬೌಂಡ್ (ಕುಗ್ಗಿದ್ದು ಮರಳಿ ಏಳುವ ವೇಗ) ನೋಡಲು ಫುಟ್‌ಪಾತಿನ ಅಂಚಿನಿಂದ ಕೂತೇ ಇಳಿಯಿರಿ. ಹಿಂಭಾಗ ಒಂದು ಸಲ ಎದ್ದು ನಿಲ್ಲಬೇಕು, ಎರಡನೇ ಸಲ ತೂಗಿದರೆ ರಿಬೌಂಡ್ ನಿಧಾನಗೊಳಿಸಿ.

ಬೇರಿಂಗ್, ಸೀಲು, ಧೂಳು

ಪಿವಟ್ ಬೇರಿಂಗು ಗಾಲಿಯದ್ದರಂತೆ ಪೂರ್ತಿ ಸುತ್ತುವುದಿಲ್ಲ, ಕೆಲವು ಡಿಗ್ರಿ ಆಚೀಚೆ ಆಡುತ್ತದೆ. ಅದೇ ನಾಲ್ಕು ಗುಂಡುಗಳು ಅದೇ ಜಾಗದಲ್ಲಿ ಭಾರ ಹೊರುತ್ತವೆ, ಗ್ರೀಸು ಹರಡುವುದಿಲ್ಲ, ಗುಂಡು ಓಡುವ ದಾರಿಯಲ್ಲಿ ಗುಳಿ ಬೀಳುತ್ತದೆ. ಜೊತೆಗೆ ನೀರು, ಎರಿಯ ನುಣ್ಣನೆ ಧೂಳು ಒಳಹೊಕ್ಕರೆ ಒಂದು ಮಳೆಗಾಲಕ್ಕೇ ಮೇನ್ ಪಿವಟ್ ಬೇರಿಂಗ್ ಗರಗರ ಅನ್ನತೊಡಗುತ್ತದೆ. ಕಂಡುಹಿಡಿಯುವ ಬಗೆ: ಸೀಟು ಹಿಡಿದು ಸೈಕಲನ್ನು ಸ್ವಲ್ಪ ಎತ್ತಿ ಇಳಿಸಿ. ಗಾಲಿ ನೆಲ ಬಿಡುವ ಮೊದಲು ಟಕ್ ಎಂದರೆ ಶಾಕಿನ ಬುಶ್ ಅಥವಾ ಪಿವಟ್ ಸಡಿಲವಾಗಿದೆ. ಲಿಂಕಿನ ಸಂದಿಗೆ ಬೆರಳಿಟ್ಟು ಇನ್ನೊಬ್ಬರಿಂದ ಎತ್ತಿಸಿದರೆ ಯಾವುದೆಂದು ಗೊತ್ತಾಗುತ್ತದೆ. ಇದರಿಂದ ತಿಳಿಯದಿದ್ದರೆ ಗಾಳಿ ಬಿಟ್ಟು, ಶಾಕಿನ ಒಂದು ಬೋಲ್ಟ್ ತೆಗೆದು, ಹಿಂಭಾಗವನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ. ಎಣ್ಣೆ ಹಚ್ಚಿದ ಬಾಗಿಲಿನ ಹಾಗೆ ಜಾರದೆ ತಡೆತಡೆದು ಬಂದರೆ ಬದಲಿಸಬೇಕು.

ಹುಬ್ಬಳ್ಳಿ ಕೈಗಾರಿಕೆಯ ಊರು. 6902, 6802ರಂಥ ನಂಬರಿನ 2ಆರ್‌ಎಸ್ (ಎರಡೂ ಬದಿ ರಬ್ಬರ್ ಸೀಲಿನ) ಬೇರಿಂಗ್ ಅಲ್ಲಿನ ಬೇರಿಂಗ್ ವ್ಯಾಪಾರಿಗಳಿಗೆ ಹೊಸದಲ್ಲ. ಆದರೆ ಪಿವಟ್ಟಿಗೆಂದು ಬರುವ 'ಮ್ಯಾಕ್ಸ್' ಮಾದರಿಯಲ್ಲಿ ಗುಂಡುಗಳನ್ನು ದೂರ ಇಡುವ ಪಂಜರ ಇರುವುದಿಲ್ಲ, ಗುಂಡುಗಳು ತುಂಬಿರುತ್ತವೆ, ಹೆಚ್ಚು ಭಾರ ತಡೆಯುತ್ತದೆ; ಅದನ್ನು ಆನ್‌ಲೈನಿನಲ್ಲಿ ತರಿಸಬೇಕು. ಕೂರಿಸುವಾಗ ಸುತ್ತಿಗೆ ಮುಟ್ಟಬೇಡಿ. ಥ್ರೆಡ್ ರಾಡ್, ಎರಡು ನಟ್ಟು, ಬೇರಿಂಗಿನ ಹೊರ ಉಂಗುರದ ಅಳತೆಯ ಸಾಕೆಟ್ ಇದ್ದರೆ ಪ್ರೆಸ್ ಆಯಿತು. ಒಳ ಉಂಗುರದ ಮೇಲೆ ಒತ್ತಿದರೆ ಹೊಸ ಬೇರಿಂಗ್ ಅಲ್ಲೇ ಹಾಳು. ಬೋಲ್ಟಿಗೆ ನೀಲಿ ಥ್ರೆಡ್‌ಲಾಕರ್, ಬಿಗಿತ ಕೈಪಿಡಿ ಹೇಳಿದಷ್ಟೇ. ತೊಳೆಯುವಾಗ ಬೈಕ್ ವಾಶಿಂಗಿನ ಪ್ರೆಶರ್ ಪೈಪು ಪಿವಟ್ಟಿಗೆ ಹಿಡಿಯುವುದು ಬೇರಿಂಗ್ ಕೊಲ್ಲುವ ಅತ್ಯಂತ ಅಗ್ಗದ ದಾರಿ.

ಹಿಂಬದಿ ಶಾಕಿನ ಏರ್ ಕ್ಯಾನ್ (ಗಾಳಿ ತುಂಬುವ ಕೊಳವೆ) ಸೀಲು ಮನೆಯಲ್ಲೇ ಬದಲಿಸಬಹುದು. ಡ್ಯಾಂಪರ್ (ಪುಟಿತ ತಡೆಯುವ ಎಣ್ಣೆಯ ಭಾಗ) ಹಾಗಲ್ಲ: ಎಣ್ಣೆಯಲ್ಲಿನ ಗುಳ್ಳೆ ತೆಗೆದು, ಹೆಚ್ಚಿನ ಒತ್ತಡದಲ್ಲಿ ನೈಟ್ರೋಜನ್ ತುಂಬಬೇಕು. ಬೆಂಗಳೂರು ಅಥವಾ ಪುಣೆಗೆ ಕೊರಿಯರ್ ಮಾಡುವುದೇ ಗತಿ. ಸಸ್ಪೆನ್ಷನ್ ಕಂಪನಿ ರಾಕ್‌ಶಾಕ್ಸ್ ತನ್ನ ಫೋರ್ಕಿನ ಕೆಳಕಾಲಿಗೆ, ಶಾಕಿನ ಏರ್ ಕ್ಯಾನಿಗೆ 50 ಗಂಟೆ ಸವಾರಿಗೊಮ್ಮೆ ಸರ್ವಿಸ್ ಹೇಳುತ್ತದೆ. ಬೇಸಿಗೆಯ ಧೂಳಿನಲ್ಲಿ ಅದನ್ನು ಮೀರದಿರುವುದು ಒಳಿತು. ಹಾರ್ಡ್‌ಟೇಲ್‌ನಲ್ಲಿ ಈ ಕೆಲಸ ಫೋರ್ಕಿಗೆ ಮಾತ್ರ ಇರುವುದರಿಂದ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಇನ್ನು ಮುಳ್ಳು. ನೆಗ್ಗಿಲು, ಬಳ್ಳಾರಿ ಜಾಲಿ ಇರುವ ನಾಡಿನಲ್ಲಿ ಟ್ಯೂಬು ಹಾಕಿಕೊಂಡು ಹೊಲದಾರಿ ಹಿಡಿಯುವುದರಲ್ಲಿ ಅರ್ಥವಿಲ್ಲ. 29×2.4 ಟೈರಿಗೆ 100ರಿಂದ 120 ಮಿ.ಲೀ. ಸೀಲಂಟ್ (ತೂತು ಮುಚ್ಚುವ ದ್ರವ), ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ವಾಲ್ವ್ ಬಿಚ್ಚಿ ಮತ್ತಷ್ಟು. ಜಾಲಿ ಮುಳ್ಳು ಕೀಳುವ ಮೊದಲು ಆ ಜಾಗ ಕೆಳಗೆ ಬರುವಂತೆ ಗಾಲಿ ತಿರುಗಿಸಿ, ಸೀಲಂಟ್ ಅಲ್ಲಿಗೆ ಇಳಿಯಲಿ. 70 ಕಿಲೊದವರಿಗೆ ಮುಂದೆ 22 ಪಿಎಸ್‌ಐ, ಹಿಂದೆ ಹಾರ್ಡ್‌ಟೇಲ್‌ಗೆ 26, ಫುಲ್ ಸಸ್ಪೆನ್ಷನ್‌ಗೆ 24 ಒಗ್ಗುತ್ತದೆ. ಹಾರ್ಡ್‌ಟೇಲ್‌ನ ಹಿಂದಿನ ರಿಮ್ಮೇ ಎಲ್ಲ ಪೆಟ್ಟು ತಿನ್ನುವುದರಿಂದ 2.4 ಟೈರಿನಲ್ಲಿ ಅದಕ್ಕಿಂತ ಇಳಿಸಬೇಡಿ.

ಕೊಳ್ಳುವಾಗ

25,000 ರೂಪಾಯಿಯೊಳಗೆ 'ಡಬಲ್ ಶಾಕಪ್' ಎಂದು ಮಾರುವ ಸೈಕಲ್ ಈ ಚರ್ಚೆಗೇ ಸೇರುವುದಿಲ್ಲ. ಅದರ ಹಿಂದಿನ ಶಾಕಪ್ ಬರೀ ಸ್ಪ್ರಿಂಗು. ತಡೆಯುವ ಎಣ್ಣೆ ಇರುವುದಿಲ್ಲ, ಪಿವಟ್ಟಿನಲ್ಲಿ ಬೇರಿಂಗ್ ಬದಲು ಬುಶ್. ಪುಟಿಯುತ್ತದೆ, ತೂಗುತ್ತದೆ, ಭಾರವಾಗಿರುತ್ತದೆ. ಅದೇ ಹಣಕ್ಕೆ ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಸಾದಾ ಹಾರ್ಡ್‌ಟೇಲ್ ಬಂದರೆ ಕಣ್ಣು ಮುಚ್ಚಿ ತನ್ನಿ.

ಹಾರ್ಡ್‌ಟೇಲ್ ಆರಿಸುವಾಗ ಗೇರಿಗಿಂತ ಫ್ರೇಮ್ ನೋಡಿ. ಹೆಡ್‌ಟ್ಯೂಬ್ (ಫೋರ್ಕ್ ಕೂರುವ ಕೊಳವೆ) ಟೇಪರ್, ಅಂದರೆ ಕೆಳಗೆ ಅಗಲ ಇರಬೇಕು, ಮುಂದೆ 15×110, ಹಿಂದೆ 12×148 ಮಿ.ಮೀ. ಥ್ರೂ ಆಕ್ಸಲ್ (ಗಾಲಿಯ ಮೂಲಕ ತೂರಿ ತಿರುಪುವ ಅಚ್ಚು) ಇರಬೇಕು, ಡ್ರಾಪರ್ ಪೋಸ್ಟಿನ (ಸವಾರಿಯಲ್ಲೇ ಸೀಟು ಇಳಿಸುವ ಕಂಬ) ಕೇಬಲ್ ಒಳಗೆ ಹೋಗಲು ತೂತಿರಬೇಕು. ಇವು ಇದ್ದರೆ ಫೋರ್ಕು, ಗಾಲಿ ಮುಂದೆ ಬದಲಿಸಬಹುದು. ನೇರ ಹೆಡ್‌ಟ್ಯೂಬ್, 9 ಮಿ.ಮೀ. ಕ್ವಿಕ್ ರಿಲೀಸ್ ಇದ್ದರೆ ಒಳ್ಳೆಯ ಫೋರ್ಕ್ ಹುಡುಕುವುದೇ ಕಷ್ಟ. ಡ್ರಾಪರಿಗೆ ಹಾಕುವ ಹಣ ಮಾತ್ರ ವ್ಯರ್ಥವಾಗದು. ಇಳಿಜಾರಿನಲ್ಲಿ ಸೀಟು ಕೆಳಗಿಳಿದರೆ ಕಾಲುಗಳೇ ಹಿಂದಿನ ಸಸ್ಪೆನ್ಷನ್ ಕೆಲಸ ಮಾಡುತ್ತವೆ.

ಬೆನ್ನು ನೋವಿರುವವರು, ವಾರ ವಾರ ದಾಂಡೇಲಿ, ಕ್ಯಾಸಲ್‌ರಾಕ್ ಕಡೆಯ ಘಟ್ಟಕ್ಕೆ ಸೈಕಲ್ ಒಯ್ಯುವವರು, ಬಿಚ್ಚಿ ಜೋಡಿಸಲು ಬೇಸರವಿಲ್ಲದವರು ಫುಲ್ ಸಸ್ಪೆನ್ಷನ್ ತೆಗೆದುಕೊಳ್ಳಲಿ. ಸೆಕೆಂಡ್ ಹ್ಯಾಂಡ್ ಆದರೆ ಶಾಕಿನ ಹೊಳೆಯುವ ಕೊಳವೆಯ ಮೇಲೆ ಉಗುರು ಎಳೆದು ನೋಡಿ. ಗೀರು ಉಗುರಿಗೆ ತಡೆದರೆ ಗಾಳಿ ನಿಲ್ಲದು. ಪಿವಟ್ಟುಗಳ ಸುತ್ತ, ಡೌನ್‌ಟ್ಯೂಬ್ ಅಡಿಯಲ್ಲಿ ವೆಲ್ಡಿನ ಬದಿ ಬಣ್ಣ ಕೂದಲೆಳೆಯಷ್ಟು ಸೀಳಿದ್ದರೆ ಬಿಟ್ಟುಬಿಡಿ. ಶಾಕಿನ ಅಳತೆ 190×45, 210×50ರಂಥ ಇಂದಿನ ಮೆಟ್ರಿಕ್ ಗಾತ್ರದ್ದೇ ಇರಲಿ, ಹಳೆಯ ಇಂಚಿನ ಗಾತ್ರದ ಶಾಕು ಹೊಸದಾಗಿ ಸಿಗುವುದು ಕಡಿಮೆಯಾಗುತ್ತಿದೆ. ಬೇರಿಂಗ್ ಪೂರ್ತಿ ಸೆಟ್ಟಿನ ಮತ್ತು ಶಾಕ್ ಸರ್ವಿಸಿನ ಖರ್ಚನ್ನು ಕೇಳಿದ ಬೆಲೆಯಿಂದ ಕಳೆದೇ ಚೌಕಾಸಿಗೆ ಕೂರಿ.