ದುಂಡುಮಲ್ಲಿಗೆ, ಕನಕಾಂಬರ, ದಾಸವಾಳ: ಬೇಸಿಗೆಯ ತಾರಸಿಗೆ ಯಾವುದು?

ಮಾರ್ಚ್‌ನಿಂದ ಮೇ ಕೊನೆಯವರೆಗೆ ದೇವರಿಗೂ ಮುಡಿಗೂ ಮನೆಯಲ್ಲೇ ಹೂ ಸಿಗಬೇಕು ಅನ್ನುವವರಿಗೆ ಮೈಸೂರು, ಮಂಡ್ಯ ಕಡೆ ಮೊದಲು ನೆನಪಾಗುವುದು ಈ ಮೂರೇ. ಮೂರನ್ನೂ ಹನ್ನೆರಡು ಇಂಚಿನ ಮಣ್ಣಿನ ಕುಂಡಗಳಲ್ಲಿ ಎರಡು ಬೇಸಿಗೆ ಅಕ್ಕಪಕ್ಕ ಇಟ್ಟು ಬೆಳೆಸಿ ನೋಡಿ ಬರೆದ ಹೋಲಿಕೆ ಇದು. ಮಣ್ಣು ಎಲ್ಲಕ್ಕೂ ಒಂದೇ: ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಕುಂಡದ ಕೆಳಗೆ ಎರಡು ಇಟ್ಟಿಗೆ, ಮೇಲೆ ಎರಡಿಂಚು ಕಬ್ಬಿನ ತರಗಿನ ಹೊದಿಕೆ. ಈ ಇಟ್ಟಿಗೆ, ತರಗು ಇಲ್ಲದಿದ್ದರೆ ಹೋಲಿಕೆ ಮಾಡಲು ಗಿಡವೇ ಉಳಿಯುವುದಿಲ್ಲ. ಏಪ್ರಿಲ್ ಮಧ್ಯಾಹ್ನ ತಾರಸಿಯ ಕಾಂಕ್ರೀಟು ಕಾದು, ಎಲೆಗಿಂತ ಮೊದಲು ಬೇರು ಬೇಯುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಇದು ಇನ್ನೂ ಬೇಗ.

ನಮ್ಮ ಬೇಸಿಗೆಯಲ್ಲಿ ಎರಡು ಪಾಲಿದೆ. ಮೊದಲನೆಯದು ಒಣ ಬಿಸಿಲು. ಅಶ್ವಿನಿ, ಭರಣಿ ಮಳೆ ಬಿದ್ದ ಮೇಲೆ ಎರಡನೆಯದು: ಬಿಸಿಲು ಹಾಗೇ ಇರುತ್ತದೆ, ಜೊತೆಗೆ ಸೆಕೆ, ಕುಂಡದಲ್ಲಿ ತೇವ. ನಾಲೆ ಬಯಲಿನ ಮಂಡ್ಯದ ಊರುಗಳಲ್ಲಿ ಸುತ್ತ ಗದ್ದೆ, ಕಬ್ಬು ಇರುವುದರಿಂದ ಈ ಸೆಕೆ ಮೊದಲೇ ಶುರುವಾಗುತ್ತದೆ. ಯಾವ ಗಿಡ ಎಲ್ಲಿ ಸೋಲುತ್ತದೆ ಅನ್ನುವುದು ಈ ಎರಡು ಪಾಲಿನ ಮೇಲೆ ನಿಂತಿದೆ.

ಒಣ ಬಿಸಿಲಿನಲ್ಲಿ ಗೆಲ್ಲುವುದು ದುಂಡುಮಲ್ಲಿಗೆ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬಿದ್ದರೆ ಮಾತ್ರ ಮೊಗ್ಗು. ನಾಲ್ಕು ಗಂಟೆಗೆ ಇಳಿದರೆ ಬರೀ ಸೊಪ್ಪು. ಆದರೆ ಬೇಸಿಗೆಯ ಹೂವಿನ ಕೆಲಸ ಚಳಿಗಾಲದಲ್ಲೇ ಆಗಿರಬೇಕು. ಡಿಸೆಂಬರ್ ಕೊನೆಗೆ ಹತ್ತು ದಿನ ನೀರು ಕಡಿಮೆ ಮಾಡಿ, ಗಿಡವನ್ನು ಬುಡದಿಂದ ಒಂದೂವರೆ ಅಡಿಗೆ ಸವರಿ, ಒಣಕಲು ಕಡ್ಡಿ, ಹಳೇ ಎಲೆ ತೆಗೆದು, ಎರಡು ಹಿಡಿ ಗೊಬ್ಬರ ಕೊಟ್ಟು ನೀರು ಹಿಡಿಸಬೇಕು. ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಕೂರುವುದು, ಹಳೇ ಕಡ್ಡಿಯಲ್ಲಿ ಅಲ್ಲ. ಸವರದೆ ಬಿಟ್ಟ ಕುಂಡದಲ್ಲಿ ಉದ್ದುದ್ದ ಬಳ್ಳಿ, ಅಲ್ಲೊಂದು ಇಲ್ಲೊಂದು ಹೂ. ಒಂದು ಸುತ್ತು ಹೂ ಮುಗಿದಾಗ ತುದಿಯನ್ನು ಎರಡು ಗೆಣ್ಣು ಚಿವುಟಿದರೆ ಮುಂದಿನ ಸುತ್ತು ಬರುತ್ತದೆ. ಯೂರಿಯಾ ಹಾಕಲೇಬೇಡಿ, ಗಿಡ ಬಳ್ಳಿಯಾಗಿ ಓಡುತ್ತದೆ, ಮೊಗ್ಗು ಮರೆಯುತ್ತದೆ.

ಅದೇ ಬಿಸಿಲಿಗೆ ಕನಕಾಂಬರ ತಡೆಯುವುದಿಲ್ಲ. ಬೆಳಿಗ್ಗೆ ಹನ್ನೊಂದರವರೆಗೆ ಬಿಸಿಲು, ಆಮೇಲೆ ಗೋಡೆಯ ನೆರಳೋ ಐವತ್ತು ಪರ್ಸೆಂಟ್ ಶೇಡ್ ನೆಟ್ಟೋ ಇರಬೇಕು. ಮಲ್ಲಿಗೆಯ ಪಕ್ಕದಲ್ಲೇ ಬಯಲಿಗಿಟ್ಟ ಕುಂಡದಲ್ಲಿ ಎಲೆಯ ಅಂಚು ಕಂದಿ, ಹೂವಿನ ಕೇಸರಿ ಬಣ್ಣ ತೆಳುವಾಗುತ್ತದೆ. ನೆರಳು ಸಿಕ್ಕಿತೆಂದರೆ ಇದರಷ್ಟು ನಂಬಿಕಸ್ತ ಗಿಡ ಇನ್ನೊಂದಿಲ್ಲ. ತೆನೆಯ ಬುಡದಿಂದ ಮೇಲಕ್ಕೆ ಸಾಲಾಗಿ ಅರಳುತ್ತಾ ಒಂದೊಂದು ತೆನೆಯೂ ಎರಡು ವಾರಕ್ಕೆ ಕಡಿಮೆಯಿಲ್ಲದೆ ನಡೆಯುತ್ತದೆ. ದಿನ ಬಿಟ್ಟು ದಿನ ಕೊಯ್ದರೆ ಸಾಕು. ಮುಗಿದ ತೆನೆಯನ್ನು ಬುಡಕ್ಕೆ ಕತ್ತರಿಸಿ. ಕೊಳ್ಳುವಾಗ ಡೆಲ್ಲಿ ಕನಕಾಂಬರ ಕೇಳಿ: ಎಸಳು ಅಗಲ, ಬಣ್ಣ ಗಾಢ. ಅದು ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಗಿಡ ಮಾಡಬೇಕು. ನಾಟಿ ಕನಕಾಂಬರದ ಒಣಗಿದ ಕಾಯಿಗೆ ನೀರು ತಾಗಿಸಿದರೆ ಪಟಕ್ಕನೆ ಸಿಡಿದು ಬೀಜ ದೂರ ಹಾರುತ್ತದೆ. ಮಕ್ಕಳ ಕೈಗೆ ಕೊಡಿ, ಬಿತ್ತನೆಯೂ ಆಯಿತು.

ದಾಸವಾಳ ಬಿಸಿಲಿಗೆ ಹೆದರುವುದಿಲ್ಲ, ಬಾಯಾರಿಕೆಗೆ ಹೆದರುತ್ತದೆ. ಏಪ್ರಿಲ್‌ನಲ್ಲಿ ಮಲ್ಲಿಗೆ, ಕನಕಾಂಬರಕ್ಕೆ ಬೆಳಿಗ್ಗೆ ಒಂದೂವರೆ ಲೀಟರು ಸಾಕಾದರೆ ದಾಸವಾಳಕ್ಕೆ ಬೆಳಿಗ್ಗೆ ಎರಡು, ಸಂಜೆ ಒಂದು ಲೀಟರು ಬೇಕು. ಒಂದು ದಿನ ಬಾಡಿಸಿ ಮರುದಿನ ತುಂಬಾ ಸುರಿದರೆ ಮೊಗ್ಗು ಉದುರುತ್ತದೆ. ದೊಡ್ಡ ಹೂವಿನ ಹೈಬ್ರಿಡ್ ಗಿಡಗಳಲ್ಲಿ ಈ ಕಾಟ ಜಾಸ್ತಿ, ನಾಟಿ ಕೆಂಪು ಒಂಟಿ ಎಸಳಿನದರಲ್ಲಿ ಕಡಿಮೆ. ಎಳೆ ಚಿಗುರಿಗೆ ಹಿಟ್ಟು ತಿಗಣೆ ಅಂಟಿದರೆ ಕೈಯಿಂದಲೇ ಉಜ್ಜಿ ತೆಗೆದು, ಲೀಟರಿಗೆ ಐದು ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ಬುಡಕ್ಕೆ ಬರುವ ಇರುವೆಯನ್ನೂ ತಡೆಯಬೇಕು. ತಿಗಣೆಯನ್ನು ಕಾಯುವುದು ಅವೇ.

ಮೊಗ್ಗು ಉದುರುವುದಕ್ಕೆ ನೀರು ಒಂದೇ ಕಾರಣವಲ್ಲ. ಬಿದ್ದ ಮೊಗ್ಗನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಅಕ್ಕಿನುಚ್ಚಿಗಿಂತ ಸಣ್ಣ, ಬಿಳಿ ಹಳದಿ ಹುಳುಗಳು ಮಿಸುಕುತ್ತಿದ್ದರೆ ಅದು ಮೊಗ್ಗು ನೊಣ. ಇದೇ ನೊಣ ಮಲ್ಲಿಗೆಯಲ್ಲೂ ಮೊಟ್ಟೆ ಇಡುತ್ತದೆ: ಮೊಗ್ಗಿನ ಬುಡ ಊದಿ, ನೇರಳೆ ಬಣ್ಣಕ್ಕೆ ತಿರುಗಿ, ಅರಳದೆ ಒಣಗುತ್ತದೆ. ಹಾಗಾಗಿ ಮಲ್ಲಿಗೆ, ದಾಸವಾಳ ಎರಡನ್ನೂ ಒತ್ತಾಗಿ ಇಡುವುದು ತಪ್ಪು, ಒಂದರ ಹುಳು ಇನ್ನೊಂದಕ್ಕೆ ಸಲೀಸಾಗಿ ದಾಟುತ್ತದೆ. ಹುಳು ಮಣ್ಣಿಗಿಳಿದು ಕೋಶ ಕಟ್ಟುವುದರಿಂದ ಬಿದ್ದ ಮೊಗ್ಗನ್ನು ಪ್ರತಿದಿನ ಹೆಕ್ಕಿ, ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಎರಡು ದಿನ ಬಿಸಿಲಿಗಿಟ್ಟು ಬಿಸಾಡಿ. ಗೊಬ್ಬರದ ಡಬ್ಬಕ್ಕೆ ಹಾಕಬೇಡಿ. ಒಂದು ತಿಂಗಳು ಬಿಡದೆ ಹೀಗೆ ಮಾಡಿದರೆ ಸರಪಳಿ ಕಡಿಯುತ್ತದೆ. ಇನ್ನು ಮಲ್ಲಿಗೆಯ ಮೊಗ್ಗಿನಲ್ಲಿ ತೂತು ಇದ್ದು, ಮೊಗ್ಗುಗಳು ನೂಲಿನಿಂದ ಅಂಟಿಕೊಂಡಿದ್ದರೆ ಅದು ಬೇರೆ, ಮೊಗ್ಗು ಕೊರಕ ಹುಳು. ಅದಕ್ಕೆ ಬೇವಿನೆಣ್ಣೆ ವಾರಕ್ಕೊಮ್ಮೆ, ಮೊಗ್ಗು ಸಣ್ಣದಿರುವಾಗಲೇ.

ಮಳೆ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ. ದಾಸವಾಳ ಸೊಂಪಾಗುತ್ತದೆ, ಮಲ್ಲಿಗೆ ನಡೆಯುತ್ತದೆ, ಕನಕಾಂಬರ ಒಮ್ಮೊಮ್ಮೆ ನಿಂತಲ್ಲೇ ಬಾಡುತ್ತದೆ. ನೀರಿದ್ದೂ ಬಾಡಿತೆಂದರೆ ಬೇರು ನೋಡಬೇಕು: ಕಪ್ಪಾಗಿ ಕೊಳೆತ ಬೇರು ಸೊರಗು ರೋಗದ್ದು. ಕೆಮ್ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದ ಜಂತುಹುಳು (ನೆಮಟೋಡ್) ಬೇರಿಗೆ ಗಾಯ ಮಾಡಿ ಅದಕ್ಕೆ ದಾರಿ ಕೊಡುತ್ತದೆ. ಆ ಗಿಡ ಉಳಿಯುವುದಿಲ್ಲ, ಮಣ್ಣು ಸಮೇತ ತೆಗೆಯಿರಿ. ಮುನ್ನೆಚ್ಚರಿಕೆ ಎಂದರೆ ಮಣ್ಣನ್ನು ಮೊದಲೇ ಎರಡು ವಾರ ಬಿಸಿಲಿಗೆ ಹರಡಿ ಒಣಗಿಸುವುದು, ಬೇವಿನ ಹಿಂಡಿ ಹಾಕುವುದನ್ನು ತಪ್ಪಿಸದಿರುವುದು, ಮಳೆ ದಿನ ಕುಂಡದ ತೂತು ಕಟ್ಟದಂತೆ ನೋಡುವುದು.

ನೀರಿನ ಗುಣವೂ ಫಲಿತಾಂಶ ಬದಲಿಸುತ್ತದೆ. ಮೈಸೂರಿನಲ್ಲಿ ನಲ್ಲಿಗೆ ಬರುವ ನದಿ ನೀರಿಗೆ ಮೂರೂ ಹಸಿರಾಗಿರುತ್ತವೆ. ಗಡಸು ಬೋರ್‌ವೆಲ್ ನೀರಿಗೆ ಮೊದಲು ಬಿಳಿಚುವುದು ಕನಕಾಂಬರ, ಆಮೇಲೆ ಮಲ್ಲಿಗೆ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಒಂದು ಲೀಟರಿಗೆ ಮೂರು ಗ್ರಾಂ ಅನ್ನಭೇದಿ (ಕಬ್ಬಿಣಾಂಶದ ಫೆರಸ್ ಸಲ್ಫೇಟ್), ಅರ್ಧ ನಿಂಬೆಹಣ್ಣಿನ ರಸ ಸೇರಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ನೆಲಕ್ಕೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ. ಬೋರ್‌ವೆಲ್ ನೀರು ಹಾಕುವ ಕುಂಡಕ್ಕೆ ಒಲೆ ಬೂದಿ ಮಾತ್ರ ಬೇಡ, ಕ್ಷಾರ ಇನ್ನೂ ಏರುತ್ತದೆ.

ಕೊಯ್ದ ಮೇಲಿನ ಬಾಳಿಕೆ: ದಾಸವಾಳ ಅಂದೇ ಸಂಜೆಗೆ ಮುದುಡುತ್ತದೆ, ಮಲ್ಲಿಗೆ ಮರುದಿನ ಕಂದುತ್ತದೆ, ಕನಕಾಂಬರದ ದಂಡೆ ಎರಡು ದಿನ ಬಣ್ಣ ಬಿಡುವುದಿಲ್ಲ. ಮಲ್ಲಿಗೆಯನ್ನು ಒತ್ತಾಗಿ ಕಟ್ಟಿದರೆ ಒಂದು ಮೊಳಕ್ಕೆ ನೂರಕ್ಕೂ ಮೇಲೆ ಮೊಗ್ಗು ಬೇಕು, ಎರಡು ಕುಂಡದಿಂದ ದಿನಾ ಅಷ್ಟು ಸಿಗುವುದಿಲ್ಲ. ನಡುನಡುವೆ ಕನಕಾಂಬರ, ಒಂದೆರಡು ಮರುಗದ ಕಡ್ಡಿ ಸೇರಿಸಿದರೆ ಮೊಳ ತುಂಬುತ್ತದೆ.

ಜಾಗ ಎರಡೇ ಕುಂಡಕ್ಕಿದ್ದು ನದಿ ನೀರು ಇದ್ದರೆ ಬಯಲಿಗೆ ಮಲ್ಲಿಗೆ, ಗೋಡೆ ಮರೆಗೆ ಕನಕಾಂಬರ ಇಡಿ. ಬೋರ್‌ವೆಲ್ ನೀರೇ ಗತಿ, ಎರಡು ಹೊತ್ತು ನೀರು ಹಾಕಲು ಮನೆಯಲ್ಲಿ ಜನರಿದ್ದಾರೆ ಅಂದರೆ ನಾಟಿ ಕೆಂಪು ದಾಸವಾಳ. ಜನವರಿಯೊಳಗೆ ಮಲ್ಲಿಗೆ ಸವರುವುದು ತಪ್ಪಿಹೋಗಿದ್ದರೆ ಈ ವರ್ಷಕ್ಕೆ ಕನಕಾಂಬರದ ಗಿಡವನ್ನೇ ತನ್ನಿ.